ಕೆಫೆ ಗ್ರೈಂಡರ್ ಅಡಿಗಿ ಕಟ್ಟಿಗೆ ಹೊಂದಿಸೋದು: ಹಾಪರ್ ತಗದ ಮ್ಯಾಲ ಪುಡಿ ಒಂದಸಮ ಬರವಲ್ದು

ಕೇಶ್ವಾಪುರ_ಫಿಲ್ಟರ್ (ಹುಬ್ಬಳ್ಳಿ):

ನಮಸ್ಕಾರ್ರಿ ಎಲ್ಲಾರಿಗೂ. ನನ್ನ ಕಾಫಿ ಗ್ರೈಂಡರ್ ಸೆಕೆಂಡ್ ಹ್ಯಾಂಡ್, ಡೋಸರ್ (ಪುಡಿ ಅಳದು ಕೊಡೋ ಡಬ್ಬಿ) ಇರೋ ಇಟಾಲಿಯನ್ ಕೆಫೆ ಮಷೀನು. 64 ಮಿ.ಮೀ. ಫ್ಲಾಟ್ ಬರ್ (ಬೀಜ ಅರಿಯೋ ಚಪ್ಪಟಿ ಹಲ್ಲಿನ ಬಿಲ್ಲಿ). ಪ್ಲೇಟ್ ಮ್ಯಾಲ 230 ವೋಲ್ಟ್, 50 ಹರ್ಟ್ಸ್, 350 ವ್ಯಾಟ್ ಅಂತ ಐತಿ. ಹಾಪರ್ (ಮ್ಯಾಲ ಬೀಜ ತುಂಬೋ ಡಬ್ಬಿ) ಹಿಡದು ಎತ್ತರ 61 ಸೆಂ.ಮೀ., ಹಾಪರ್ ಇಲ್ಲದ 39. ಗ್ರಾನೈಟ್ ಕಟ್ಟಿಯಿಂದ ಮ್ಯಾಲಿನ ಕಪಾಟಿನ ತಳದ ತನಕ ಇರೋದು 52 ಸೆಂ.ಮೀ. ಅಷ್ಟ. ಅದಕ್ಕ ಹಾಪರ್ ತಗದು, ಬಾಯಿಗೆ ಸ್ಟೀಲ್ ಆಲಿಕಿ ಇಟ್ಟು, ಒಂದ್ ಸಲಕ್ಕ 20 ಗ್ರಾಂ ಬೀಜ ಹಾಕಾಕತ್ತೀನಿ. ಬರ್ ಎರಡೂ ಬಿಚ್ಚಿ, ಬ್ರಷ್ ಹೊಡದು, ಮತ್ತ ಕೂಡಿಸಿದ್ದಾಗೈತಿ.

ತೊಂದರಿ ಏನಂದ್ರ, ಬೀಜ ಪುಟದು ಆಲಿಕಿ ಬಿಟ್ಟು ಹೊರಗ ಬೀಳತಾವ. 20 ಹಾಕಿದ್ರ 16–17 ಗ್ರಾಂ ಬರತೈತಿ, ಉಳದದ್ದು ಮರುದಿನದ ಪುಡಿ ಕೂಡ ಬರತೈತಿ. ಪುಡಿಯೊಳಗ ದಪ್ಪ ಚೂರೂ ಅದಾವ, ಹಿಟ್ಟೂ ಐತಿ. ಕಾಲರ್ (ಸಣ್ಣ-ದಪ್ಪ ಹೊಂದಿಸೋ ಬಳಿ) ಬಿಗಿ ಮಾಡಿದ್ರೂ ಒಂದ್ ಹಂತದಿಂದ ಮುಂದ ಸಣ್ಣ ಆಗವಲ್ದು. ಮುಂಜಾನೆ ಒಮ್ಮೊಮ್ಮೆ ಮೋಟಾರ್ ಗುಂಯ್ ಅಂತೈತಿ, ತಿರುಗೂದಿಲ್ಲ. ಬೇಕಾಗಿರೋದು ಫಿಲ್ಟರ್ ಕಾಫಿಗೆ, ಎಸ್ಪ್ರೆಸೊಕ್ಕ ಅಲ್ಲ.

ಬರ್_ಅಲೈನ್ (ಧಾರವಾಡ):

ಮೊದಲು ಪ್ಲಗ್ ಕಿತ್ತು ಬಾಯಿಯೊಳಗೆ ನೋಡ್ರಿ. ಬರ್‌ಗಳ ತನಕ ಬೆರಳು ಹೋಗದ ಹಾಗೆ ಲೋಹದ ಜಾಲರಿ ಇರಬೇಕು. ಹಾಪರ್ ತೆಗೆದ ಮೇಲೆ ಬೆರಳಿಗೆ ಅಡ್ಡ ಉಳಿಯುವುದು ಅದೊಂದೇ. ಬೀಜ ಅದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕೆಲವರು ಕಿತ್ತುಹಾಕುತ್ತಾರೆ. ಮನೆಯಲ್ಲಿ ಹಾಗೆ ಕಿತ್ತುಹಾಕುವುದು ಬೇಡವೇ ಬೇಡ. ಸಿಕ್ಕಿದ ಬೀಜವನ್ನು ಮೋಟಾರ್ ನಿಲ್ಲಿಸಿ ಮರದ ಕಡ್ಡಿಯಿಂದ ತಳ್ಳಿದರೆ ಬೀಳುತ್ತದೆ.

ಬೀಜ ಪುಟಿಯುವುದಕ್ಕೂ ಪುಡಿ ಏರುಪೇರಾಗುವುದಕ್ಕೂ ಎರಡಕ್ಕೂ ಇರುವ ಒಂದು ಕಾರಣ ಇದು. ಈ ಗ್ರೈಂಡರ್ ತುಂಬಿದ ಹಾಪರ್‌ಗೆಂದು ಮಾಡಿದ್ದು. ಮೇಲಿನ ಬೀಜದ ಭಾರ ಕೆಳಗಿನ ಬೀಜವನ್ನು ಬರ್‌ಗಳ ನಡುವೆ ಒತ್ತುತ್ತಲೇ ಇರುತ್ತದೆ. 20 ಗ್ರಾಂ ಮಾತ್ರ ಹಾಕಿದಾಗ ಆ ಒತ್ತಡ ಇಲ್ಲ. ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುವ ಬರ್ ಬೀಜವನ್ನು ಒಳಗೆಳೆಯುವ ಬದಲು ಮೇಲಕ್ಕೆ ಚಿಮ್ಮಿಸುತ್ತದೆ, ಅರ್ಧ ಒಡೆದ ಚೂರುಗಳು ಮತ್ತೆ ಮತ್ತೆ ಮೇಲೆ ಕೆಳಗೆ ಆಡುತ್ತವೆ. ಹಾಗಾಗಿ ಹಾಪರ್ ಇದ್ದಾಗಿನ ಸೆಟ್ಟಿಂಗ್ ಈಗ ಹೊಂದುವುದಿಲ್ಲ, ಸಾಮಾನ್ಯವಾಗಿ ಸ್ವಲ್ಪ ಬಿಗಿ ಮಾಡಬೇಕಾಗುತ್ತದೆ.

ಆಲಿಕೆ ಇಲ್ಲಿ ತಪ್ಪು ಆಕಾರ. ಅದರ ಇಳಿಜಾರಿಗೆ ಬಡಿದ ಬೀಜ ಹೊರಕ್ಕೇ ಹಾರುತ್ತದೆ. ನೇರ ಗೋಡೆಯ ಕೊಳವೆ ಬೇಕು, 8–9 ಸೆಂ.ಮೀ. ಎತ್ತರ, ಮೇಲೆ ಮುಚ್ಚಳ. 39ಕ್ಕೆ 9 ಸೇರಿದರೆ 48, ನಿಮ್ಮ ಕಪಾಟಿನ ಕೆಳಗೆ ಇನ್ನೂ 4 ಸೆಂ.ಮೀ. ಉಳಿಯುತ್ತದೆ. ಒತ್ತಿ ಕೂರಿಸುವ ಚಪ್ಪಟೆ ಮುಚ್ಚಳ ತೆಗೆಯಲು ಅಷ್ಟು ಸಾಕು. ಬಾಯಿಯ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯಿರಿ. 58 ಮಿ.ಮೀ. ಹತ್ತಿರ ಇದ್ದರೆ ಕ್ಯಾಮೆರಾದ ರಬ್ಬರ್ ಲೆನ್ಸ್ ಹುಡ್ ಸರಿಯಾಗಿ ಕೂರುತ್ತದೆ. ಅದರ ಮೇಲೆ ಅಂಗೈ ಇಟ್ಟು ಒತ್ತಿದರೆ ಒಳಗೆ ಗಾಳಿ ನುಗ್ಗಿ, ಉಳಿದ ಪುಡಿಯೂ ಹೊರಗೆ ಬರುತ್ತದೆ. ಮೂಲ ಹಾಪರ್ ಕತ್ತರಿಸಿ ಗಿಡ್ಡ ಮಾಡಬೇಡಿ, ಎತ್ತಿಡಿ.

ಇನ್ನು ಪುಡಿ ಸಣ್ಣ ಆಗದಿರುವುದು. ಇದು ಬರ್ ಮತ್ತೆ ಕೂರಿಸಿದ್ದರಲ್ಲಿರುವ ದೋಷ, ಇಲ್ಲಿ ಅವಸರ ಮಾಡಬಾರದು. ಪ್ಲಗ್ ಕಿತ್ತು ಕಾಲರ್ ಪೂರ್ತಿ ಬಿಚ್ಚಿ. ಕೆಳಗೆ ಸ್ಪ್ರಿಂಗ್‌ಗಳಿರುತ್ತವೆ, ಎಲ್ಲವೂ ಅವುಗಳ ಕುಳಿಯಲ್ಲೇ ಇವೆಯೇ ನೋಡಿ. ಎರಡೂ ಬರ್‌ಗಳ ಸ್ಕ್ರೂ ತೆಗೆದು, ಬರ್ ಕೂರುವ ತಳವನ್ನು ಉಗುರಿನಿಂದ ಸವರಿ. ಹಳೆಯ ಕಾಫಿ ಎಣ್ಣೆಯೊಂದಿಗೆ ಸೇರಿ ಅಲ್ಲಿ ಕಂದು ಪದರಾಗಿ ಗಟ್ಟಿಯಾಗಿರುತ್ತದೆ, ಬರೀ ಬ್ರಷ್‌ಗೆ ಅದು ಬಿಡುವುದಿಲ್ಲ. ಕೂದಲೆಳೆಯಷ್ಟು ಪದರ ಒಂದು ಕಡೆ ಉಳಿದರೂ ಬರ್ ವಾಲುತ್ತದೆ. ವಾಲಿದ ಕಡೆ ಬೇಗ ತಾಗುತ್ತದೆ, ಎದುರು ಕಡೆ ಸಂದು ಉಳಿಯುತ್ತದೆ. ಒಂದೇ ಪುಡಿಯಲ್ಲಿ ಹಿಟ್ಟು, ಚೂರು ಎರಡೂ ಬರುವುದು ಇದರಿಂದಲೂ ಹೌದು. ಮರದ ಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕಬ್ಬಿಣದ ಮೊನೆ ಬೇಡ, ಗೀರು ಬೀಳುತ್ತದೆ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿ ಮಾಡದೆ, ಸುತ್ತಿನ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಕಾಲರ್‌ನ ಥ್ರೆಡ್ ಬಹಳ ಸೂಕ್ಷ್ಮ. ಹಲ್ಲುಗಳ ನಡುವಿನ ಪುಡಿ ತೆಗೆದು, ಫುಡ್ ಗ್ರೇಡ್ ಗ್ರೀಸ್ ತೆಳುವಾಗಿ ಸವರಿ. ಕೂರಿಸುವಾಗ ಮೊದಲು ಬಿಚ್ಚುವ ದಿಕ್ಕಿಗೇ ತಿರುಗಿಸಿ. ಟಕ್ ಎಂದು ಒಂದು ಹಲ್ಲು ಕೆಳಗಿಳಿದದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಬಿಗಿ ಮಾಡಿ. ಬಿಗಿಯಾಗಿ ಹಿಡಿದರೆ ಬಲ ಹಾಕಬೇಡಿ, ವಾಪಸು ಬಿಚ್ಚಿ. ಕ್ರಾಸ್ ಥ್ರೆಡ್ ಆದರೆ (ಥ್ರೆಡ್ ಓರೆಯಾಗಿ ಕಚ್ಚಿಕೊಂಡರೆ) ರಿಪೇರಿ ಬಹಳ ಕಷ್ಟ. ಕಾಲರ್‌ಗೆ ತಡೆ ಪಿನ್ ಇದ್ದರೆ ಅದು ಎಲ್ಲಿ ನಿಲ್ಲಿಸುತ್ತಿದೆ ಎಂದೂ ನೋಡಿ. ಬರ್ ಇನ್ನೂ ತಾಗುವ ಮೊದಲೇ ಪಿನ್ ತಡೆದರೆ ಪುಡಿ ಎಂದೂ ಸಣ್ಣ ಆಗುವುದಿಲ್ಲ.

ಕೂಡಿಸುವ ಮುಂಚೆ ಒಂದು ಪರೀಕ್ಷೆ: ಎರಡೂ ಬರ್‌ಗಳ ಹೊರ ಅಂಚಿಗೆ ವೈಟ್‌ಬೋರ್ಡ್ ಮಾರ್ಕರ್ ಸುತ್ತಲೂ ಹಚ್ಚಿ. ಕಾಲರ್ ಕೂರಿಸಿ, ಬೀಜ ಹಾಕದೆ ಮೋಟಾರ್ ಹಚ್ಚಿ ಆರಿಸಿ, ಇನ್ನೂ ತಿರುಗುತ್ತಿರುವಾಗಲೇ ಕಾಲರ್ ನಿಧಾನಕ್ಕೆ ಬಿಗಿ ಮಾಡಿ. ಲೋಹ ಸವರಿದ ಚಿರ್ ಶಬ್ದ ಬಂದ ಕೂಡಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಅದೇ ಝೀರೋ, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬಿಚ್ಚಿ ನೋಡಿದಾಗ ಶಾಯಿ ಸುತ್ತಲೂ ಒಂದೇ ಸಮ ಅಳಿಸಿದ್ದರೆ ಬರ್ ಸರಿಯಾಗಿ ಕೂತಿದೆ. ನೋಡಿ ತಿಳಿಸಿ.

ಮೋಟಾರ್_ವೈಂಡಿಂಗ್ (ಹುಬ್ಬಳ್ಳಿ):

ಗುಂಯ್ ಅನ್ನೋದರ ಬಗ್ಗೆ ನಾ ಹೇಳತೀನ್ರಿ. ಗುಂಯ್ ಅಂತು, ತಿರುಗಲಿಲ್ಲ ಅಂದ್ರ ಕೂಡಲೇ ಸ್ವಿಚ್ ಆರಸ್ರಿ. ನಿಂತ ಮೋಟಾರಿಗೆ ಕರೆಂಟ್ ಹರೀತಾನ ಇದ್ರ ವೈಂಡಿಂಗ್ ಕಾಯತೈತಿ.

ಮೂರು ನೋಡಬೇಕು. ಒಂದು, ಬರ್ ನಡುವ ನಿನ್ನಿದು ಬೀಜ ಸಿಕ್ಕಿರಬಹುದು. ಬೀಜ ಒಳಗಿದ್ದಾಗ ಮೋಟಾರ್ ನಿಂತಿದ್ರ ಕಾಲರ್ ಬಿಗಿ ಮಾಡಬ್ಯಾಡ್ರಿ, ಸಣ್ಣ ಮಾಡೂದು ತಿರುಗುವಾಗ ಅಷ್ಟ. ಎರಡು, ಕೆಪಾಸಿಟರ್, ಮೋಟಾರ್ ತಿರುಗಾಕ ಶುರು ಮಾಡಸೋದು. ತಳದ ಪ್ಲೇಟ್ ಬಿಚ್ಚಿದ್ರ ಸಿಗತೈತಿ. ಮುಟ್ಟೂಕಿಂತ ಮೊದಲ ಪ್ಲಗ್ ಕಿತ್ತು, ಎರಡೂ ಟರ್ಮಿನಲ್ ನಡುವ 10 ಕಿಲೊಓಮ್, 5 ವ್ಯಾಟ್ ರೆಸಿಸ್ಟರ್ ಹಿಡದು ಡಿಸ್ಚಾರ್ಜ್ ಮಾಡ್ರಿ. ಉಬ್ಬಿದ್ರ, ಸೋರಿದ್ರ ಬದಲಿಸೂದ. ಮೈಮ್ಯಾಲ ಬರೆದಿರೋ ಮೈಕ್ರೊಫ್ಯಾರಡ್ ಎಷ್ಟೈತೋ ಅಷ್ಟ ಹಾಕಬೇಕು, ವೋಲ್ಟೇಜ್ 440 ಇರೋದು ತಗೋರಿ. ಹೆಚ್ಚಿಂದು ಹಾಕಿದ್ರ ಜೋರ ತಿರುಗೂದಿಲ್ಲ, ಕಾಯತೈತಿ ಅಷ್ಟ.

ಮೂರು, ವೋಲ್ಟೇಜ್. ಸಾಕೆಟ್‌ನ್ಯಾಗ ಮಲ್ಟಿಮೀಟರ್ ಹಿಡದು, ಸ್ಟಾರ್ಟ್ ಆಗೋ ಹೊತ್ತಿನ್ಯಾಗ ಓದ್ರಿ. ಓಡುವಾಗ 350 ವ್ಯಾಟ್ ಭಾಳ ಅಲ್ಲ, 6 ಆಂಪ್ ಸಾಕೆಟ್ ತಡೀತೈತಿ, ಆದ್ರ ಸ್ಟಾರ್ಟಿಗೆ ಕರೆಂಟ್ ನಾಕೈದು ಪಟ್ಟು ಎಳೀತೈತಿ. ತೆಳ್ಳನ ಎಕ್ಸ್‌ಟೆನ್ಶನ್ ವೈರ್ ಇದ್ರ ಅಲ್ಲೇ ವೋಲ್ಟೇಜ್ ಬೀಳತೈತಿ. 1.5 ಚದರ ಮಿ.ಮೀ. ತಾಮ್ರದ ಮೂರು ಎಳಿ ವೈರ್ ಬೇಕು. ಅರ್ಥಿಂಗ್ ಇಲ್ಲದ ಎರಡು ಪಿನ್ ಪ್ಲಗ್ಗಿಗೆ ಹಚ್ಚಬ್ಯಾಡ್ರಿ, ಮೈಯೆಲ್ಲಾ ಲೋಹ, ಬಾಜೂಕ ಸಿಂಕ್ ಇರತೈತಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಆರೋ ಸ್ವಿಚ್) ಇದ್ರ ಇನ್ನೂ ಚಲೋ. ರಬ್ಬರ್ ಕಾಲು ತಗದು ಎತ್ತರ ಉಳಸಬ್ಯಾಡ್ರಿ, ತಳಕ್ಕ ಗಾಳಿ ಬೇಕು.

ಕೇಶ್ವಾಪುರ_ಫಿಲ್ಟರ್:

ಜಾಲರಿ ಐತ್ರಿ. ಬರ್ ತಳದಾಗ ಕಂದು ಪದರ ಇತ್ತು, ಕೆರದು ತಗದಾತು. ಮಾರ್ಕರ್ ಹಚ್ಚಿ ನೋಡಿದ್ರ ಮ್ಯಾಲಿನ ಬರ್ ಒಂದ್ ಕಡೆ, ಸುಮಾರು ಮೂರನೇ ಒಂದ್ ಭಾಗ ಅಷ್ಟ ಅಳಸೈತಿ. ಎಕ್ಸ್‌ಟೆನ್ಶನ್ ಹಚ್ಚಿದಾಗ ಸ್ಟಾರ್ಟಿಗೆ 188 ವೋಲ್ಟ್, ಗ್ವಾಡಿ ಸಾಕೆಟ್ಟಿಗೆ ನೇರ ಹಚ್ಚಿದ್ರ 216. ನೇರ ಹಚ್ಚಿದ ಮ್ಯಾಲ ಗುಂಯ್ ಅಂದಿಲ್ಲ. ಕೊಳವಿ ಲೇಥ್‌ನ್ಯಾಗ ಮಾಡಸ್ಲೇನ್ರಿ?

ಬರ್_ಅಲೈನ್:

ಶಾಯಿ ಅಳಿಸಿದ ಕಡೆಯೇ ಬೇಗ ತಾಗುತ್ತಿದೆ. ಹಾಗಾದರೆ ಎದುರು ಕಡೆ ಬರ್‌ನ ಹಿಂಬದಿಗೆ ತೆಳುವಾದ ತುಣುಕು ಕೊಡಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಇದಕ್ಕೆ ಸರಿ, ದಪ್ಪ 0.01ರಿಂದ 0.02 ಮಿ.ಮೀ. ಇರುತ್ತದೆ. 5 ಮಿ.ಮೀ. ಅಗಲದ ತುಣುಕನ್ನು ಸ್ಕ್ರೂ ತೂತಿನ ಪಕ್ಕದಲ್ಲಿ ಒಂದೇ ಪದರ ಇಟ್ಟು ಬರ್ ಬಿಗಿ ಮಾಡಿ, ಮತ್ತೆ ಶಾಯಿ ಹಚ್ಚಿ ನೋಡಿ. ಸಾಲದಿದ್ದರೆ ಇನ್ನೊಂದು ಪದರ. ಮುಕ್ಕಾಲು ಸುತ್ತು ಒಂದೇ ಸಮ ಅಳಿಸಿದರೆ ಫಿಲ್ಟರ್ ಕಾಫಿಗೆ ಧಾರಾಳ ಸಾಕು. ತುಣುಕಿನ ಅಂಚು ಪುಡಿ ಹರಿಯುವ ದಾರಿಗೆ ಚಾಚಿಕೊಂಡಿರಬಾರದು.

ಲೇಥ್ ಕೆಲಸಕ್ಕೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಇದ್ದೇ ಇದೆ. ಬಿಳಿ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಅಥವಾ 304 ಸ್ಟೀಲ್ ಹೇಳಿ. ಬಾಯಿಯ ಒಳವ್ಯಾಸಕ್ಕಿಂತ 0.3 ಮಿ.ಮೀ. ಕಡಿಮೆ ಇಟ್ಟು, ಕೆಳತುದಿಗೆ ಒಂದು ಓ-ರಿಂಗ್ (ರಬ್ಬರ್ ಬಳೆ) ಕೂರುವ ತೋಡು ಕೊರೆಸಿದರೆ ನಡುಗದೆ ಕೂರುತ್ತದೆ. ಕೊಳವೆ ಜಾಲರಿಯ ಮೇಲೆ ನಿಲ್ಲಬೇಕು, ಅದನ್ನು ದಾಟಿ ಇಳಿಯಬಾರದು.

ಉಳಿದ 3–4 ಗ್ರಾಂ ನಿಲ್ಲುವುದು ಹೊರದಾರಿಯಲ್ಲೂ ಡೋಸರ್‌ನ ರೆಕ್ಕೆಗಳ ಕೆಳಗೂ. ದಿನಕ್ಕೆ ಎರಡು ಸಲ ಡಿಕಾಕ್ಷನ್ ಹಾಕುವ ಮನೆಗೆ ಡೋಸರ್ ಬೇಕಿಲ್ಲ. ಒಳಗಿನಿಂದ ಸ್ಕ್ರೂ ಬಿಚ್ಚಿದರೆ ಕಳಚುತ್ತದೆ. ಅದರೊಳಗೆ ವೈರ್ ಹೋಗಿದ್ದರೆ ಅಲ್ಲಿ ಸ್ವಿಚ್ ಇದೆ ಎಂದರ್ಥ, ಆಗ ಕತ್ತರಿಸಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಡೋಸರ್ ಜಾಗಕ್ಕೆ 0.5 ಮಿ.ಮೀ. ಸ್ಟೀಲ್ ತಗಡಿನ ಜಾರುದೋಣಿ ಮಡಿಸಿ ಹಾಕಿ. ಇಳಿಜಾರು 60 ಡಿಗ್ರಿಗಿಂತ ಕಡಿಮೆಯಾದರೆ ಪುಡಿ ಅಲ್ಲೇ ಕೂರುತ್ತದೆ.

ಗದಗ_ಡಿಕಾಕ್ಷನ್:

ಡೋಸರ್ ತಗದ್ರ ಪುಡಿ ಹಾರಿ ಕಟ್ಟಿ ತುಂಬ ಅಂಟತೈತಲ್ರಿ? ನಮ್ಮ ಕಡೆ ಮಾರ್ಚ್, ಏಪ್ರಿಲ್‌ನ್ಯಾಗ ಭಾಳ. ಮಳಿಗಾಲದಾಗ ಇಷ್ಟಿಲ್ಲ.

ಬರ್_ಅಲೈನ್:

ಅದು ಸ್ಥಿರ ವಿದ್ಯುತ್, ಒಣ ಹವೆಯಲ್ಲಿ ಹೆಚ್ಚು. ಬೀಜ ಹಾಕುವ ಮುಂಚೆ ಚಮಚದ ಹಿಡಿಕೆಯನ್ನು ನೀರಿಗೆ ಅದ್ದಿ, 20 ಗ್ರಾಂ ಬೀಜಕ್ಕೆ ಒಂದೆರಡು ಹನಿ ತಾಗುವಂತೆ ಕಲಸಿ, ಕೂಡಲೇ ಪುಡಿ ಮಾಡಿ. 2023ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರೂ ಇದನ್ನು ಅಳೆದು ತೋರಿಸಿದ್ದಾರೆ: ಸ್ವಲ್ಪ ನೀರು ಸೇರಿದರೆ ವಿದ್ಯುದಂಶ ಇಳಿಯುತ್ತದೆ, ಗ್ರೈಂಡರ್ ಒಳಗೆ ಪುಡಿ ಉಳಿಯುವುದೂ ಕಡಿಮೆಯಾಗುತ್ತದೆ. ಹನಿ ಹೆಚ್ಚಾದರೆ ಬರ್ ಮೇಲೆ ಕೆಸರು ಕಟ್ಟುತ್ತದೆ.

ಕೇಶ್ವಾಪುರದವರೇ, ಸೆಟ್ಟಿಂಗ್ ಹಿಡಿಯಲು ಫಿಲ್ಟರ್ ಅನ್ನೇ ಅಳತೆಯಾಗಿಟ್ಟುಕೊಳ್ಳಿ. 20 ಗ್ರಾಂ ಪುಡಿ ಹಗುರಕ್ಕೆ ಒತ್ತಿ, 120 ಮಿ.ಲೀ. ಕುದಿ ನೀರು ಹಾಕಿ. 15–20 ನಿಮಿಷಕ್ಕೆ ಇಳಿದರೆ ಸರಿ. ಐದೇ ನಿಮಿಷಕ್ಕೆ ಇಳಿದರೆ ದಪ್ಪವಾಯಿತು, ಅರ್ಧ ಗಂಟೆಯಾದರೂ ನೀರು ಮೇಲೆಯೇ ನಿಂತಿದ್ದರೆ ಸಣ್ಣವಾಯಿತು. ಝೀರೋ ಗುರುತಿನಿಂದ ಎಷ್ಟು ಹಿಂದೆ ಬಂದಿದ್ದೀರೋ ಅದನ್ನು ಕಾಲರ್ ಮೇಲೇ ಬರೆದಿಡಿ, ಬೀಜ ಬದಲಾದಾಗ ಅಲ್ಲಿಂದ ಆಚೀಚೆ ಮಾಡಿದರಾಯಿತು.

ಗದಗ_ಡಿಕಾಕ್ಷನ್:

ಚಿಕೋರಿ ಬೀಜದ ಜೋಡಿನ ಹಾಕಬಹುದೇನ್ರಿ?

ಬರ್_ಅಲೈನ್:

ಹಾಕಬೇಡಿ. ಹುರಿದ ಚಿಕೋರಿ ಗಾಳಿಯ ತೇವ ಎಳೆದುಕೊಂಡು ಅಂಟಾಗುತ್ತದೆ, ಬರ್ ಹಲ್ಲಿಗೂ ಹೊರದಾರಿಗೂ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಚಿಕೋರಿ ಪುಡಿಯನ್ನೇ ತಂದು, ಕಾಫಿ ಪುಡಿಯಾದ ಮೇಲೆ ಡಬ್ಬಿಯಲ್ಲಿ ಬೆರೆಸಿ.