ಗ್ಲೈಡರ್ ಕಾಕ್‌ಪಿಟ್‌ನಲ್ಲಿ ಮೊಬೈಲ್: ಬ್ಲೂಟೂತ್ ಜೋಡಣೆಯಾಗುತ್ತದೆ, ಫ್ಲಾರ್ಮ್ ಡೇಟಾ ಮಾತ್ರ ಬರುವುದಿಲ್ಲ

ಬಾನಾಡಿ_ಮಣಿಪಾಲ:

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಜರ್ಮನಿಯಲ್ಲಿರುವ ನಾನು ಅಲ್ಲಿನ ಗ್ಲೈಡಿಂಗ್ (ಎಂಜಿನ್ ಇಲ್ಲದ ವಿಮಾನ ಹಾರಿಸುವ) ಕ್ಲಬ್ಬೊಂದರ ಸದಸ್ಯ. ಸದ್ಯ ರಜೆಯಲ್ಲಿ ಮಣಿಪಾಲದ ಮನೆಗೆ ಬಂದಿದ್ದು, ಮುಂದಿನ ಋತುವಿಗೆ ಬೇಕಾದ ಮೊಬೈಲ್ ನ್ಯಾವಿಗೇಷನ್ ವ್ಯವಸ್ಥೆಯನ್ನು ಇಲ್ಲೇ ಮೇಜಿನ ಮೇಲೆ ಸಿದ್ಧಪಡಿಸಿಕೊಂಡು ಹೋಗೋಣವೆಂದುಕೊಂಡಿದ್ದೇನೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಎಕ್ಸ್‌ಸಿಸೋರ್ ಎಂಬ ಗ್ಲೈಡಿಂಗ್ ನ್ಯಾವಿಗೇಷನ್ ಆ್ಯಪ್ ಹಾಕಿದ್ದೇನೆ. ಹಳೆಯ ಫ್ಲಾರ್ಮ್ (ಸುತ್ತಲಿನ ವಿಮಾನಗಳೊಂದಿಗೆ ಡಿಕ್ಕಿಯಾಗದಂತೆ ಎಚ್ಚರಿಸುವ ಸಾಧನ) ಒಂದು ಕೈಯಲ್ಲಿದೆ. ಅದರ ಡೇಟಾ ಪೋರ್ಟಿಗೆ ಎಚ್‌ಸಿ-05 ಬ್ಲೂಟೂತ್ ಬೋರ್ಡ್ ಸೇರಿಸಿದ ಸಿದ್ಧ ಕೇಬಲನ್ನು ಆನ್‌ಲೈನಿನಲ್ಲಿ ತರಿಸಿದ್ದೇನೆ.

ತೊಂದರೆ ಹೀಗಿದೆ. ಮೊಬೈಲ್ ಮತ್ತು ಬೋರ್ಡ್ 1234 ಎಂಬ ಪಿನ್‌ನೊಂದಿಗೆ ಸಲೀಸಾಗಿ ಜೋಡಣೆಯಾಗುತ್ತವೆ, ಎಕ್ಸ್‌ಸಿಸೋರ್ ಕೂಡ ಸಾಧನ ಸಂಪರ್ಕದಲ್ಲಿದೆ ಎನ್ನುತ್ತದೆ, ಆದರೆ ಫ್ಲಾರ್ಮಿನಿಂದ ಸ್ಥಾನವಾಗಲಿ ಸಂಚಾರದ ಮಾಹಿತಿಯಾಗಲಿ ಬರುವುದಿಲ್ಲ. ಇದಲ್ಲದೆ ಕಳೆದ ಋತುವಿನಲ್ಲಿ, ಮೊಬೈಲಿಗೆ ಚಾರ್ಜ್ ಕೊಡುವ 12 ವೋಲ್ಟ್‌ನ ಪರಿವರ್ತಕವನ್ನು ಚಾಲೂ ಮಾಡಿದ ಕೂಡಲೇ ವಿಮಾನದ ರೇಡಿಯೋ ಗೊರಗುಟ್ಟುತ್ತಿತ್ತು. ಬಿಸಿಲಿನಲ್ಲಿ ಪರದೆ ತಾನಾಗಿಯೇ ಮಂಕಾಗುತ್ತಿತ್ತು. ಈ ಮೊಬೈಲನ್ನೇ ಬಿಟ್ಟು ಐಫೋನ್ ಅಥವಾ ಟ್ಯಾಬ್ಲೆಟ್ ಕೊಳ್ಳುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ಹೇಳಬೇಕು.

ಬೆಸುಗೆಕಡ್ಡಿ_ಸುರತ್ಕಲ್:

ಮೊಬೈಲ್ ಬದಲಿಸುವ ಮಾತು ಸದ್ಯಕ್ಕೆ ಬೇಡ. ಬ್ಲೂಟೂತ್ ಜೋಡಣೆಯಾಯಿತೆಂದರೆ ಮೊಬೈಲಿಗೂ ಬೋರ್ಡಿಗೂ ನಡುವಿನ ರೇಡಿಯೋ ಸಂಪರ್ಕ ಸರಿ ಇದೆ ಎಂದಷ್ಟೇ ಅರ್ಥ. ಬೋರ್ಡಿಗೂ ಫ್ಲಾರ್ಮಿಗೂ ನಡುವೆ ತಂತಿಯಲ್ಲಿ ಏನು ನಡೆಯುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಎಕ್ಸ್‌ಸಿಸೋರ್‌ನ ಸಾಧನಗಳ ಪಟ್ಟಿಯಲ್ಲಿ ನಿಮ್ಮ ಬ್ಲೂಟೂತ್ ಸಾಧನವನ್ನು ಆರಿಸಿ ಮಾನಿಟರ್ ಗುಂಡಿ ಒತ್ತಿದರೆ, ಬರುತ್ತಿರುವ ಅಕ್ಷರಗಳು ಬಂದ ಹಾಗೆಯೇ ಪರದೆಯ ಮೇಲೆ ಹರಿಯುತ್ತವೆ. ಅಲ್ಲಿ ಏನೂ ಇಲ್ಲದಿರುವುದು ಒಂದು ರೋಗ, ಅರ್ಥವಿಲ್ಲದ ಚಿಹ್ನೆಗಳು ಬರುವುದು ಇನ್ನೊಂದು ರೋಗ, ಡಾಲರ್ ಚಿಹ್ನೆಯಿಂದ ಆರಂಭವಾಗುವ ಶುದ್ಧ ಸಾಲುಗಳು ಬಂದೂ ಆ್ಯಪ್ ಅವನ್ನು ಬಳಸದಿರುವುದು ಮೂರನೆಯದು. ಯಾವುದೆಂದು ಮೊದಲು ತಿಳಿಸಿ.

ಜೊತೆಗೆ ಎರಡು ಪರೀಕ್ಷೆ ಮಾಡಿ. ಬೋರ್ಡನ್ನು ಫ್ಲಾರ್ಮಿನಿಂದ ಬಿಡಿಸಿ, ಫ್ಲಾರ್ಮಿನ ಡೇಟಾ ಹೊರಬರುವ ತಂತಿಗೂ ನೆಲಕ್ಕೂ (ಗ್ರೌಂಡ್) ನಡುವೆ ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟೇಜ್ ನೋಡಿ. ಯಾವ ಪಿನ್ ಯಾವುದು ಎಂಬುದನ್ನು ಕೇಬಲಿನ ಬಣ್ಣ ನೋಡಿ ಊಹಿಸಬೇಡಿ. ನಿಮ್ಮ ಮಾದರಿಯ ಕೈಪಿಡಿಯ ಚಿತ್ರವನ್ನೇ ನೋಡಿ. ಇಂಥ ಪೋರ್ಟುಗಳಲ್ಲಿ ವಿದ್ಯುತ್ ಒಂದು ತುದಿಯ ಪಿನ್‌ಗಳಲ್ಲೂ ನೆಲ ಇನ್ನೊಂದು ತುದಿಯಲ್ಲೂ ಇರುತ್ತವೆ. ಒಂದು ಕಡೆಯ ಪ್ಲಗ್ ತಿರುವುಮುರುವಾಗಿ ಕ್ರಿಂಪ್ ಆಗಿದ್ದರೆ 12 ವೋಲ್ಟ್ ನೇರವಾಗಿ ನೆಲದ ಜಾಗಕ್ಕೆ ಹೋಗುತ್ತದೆ. ಎರಡನೆಯದಾಗಿ, ಬಿಡಿಸಿದ ಬೋರ್ಡಿನ ಟಿಎಕ್ಸ್ (ಕಳುಹಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ಪಿನ್‌ಗಳನ್ನು ಒಂದಕ್ಕೊಂದು ಸೇರಿಸಿ, ಮೊಬೈಲಿನ ಬ್ಲೂಟೂತ್ ಸೀರಿಯಲ್ ಟರ್ಮಿನಲ್ ಆ್ಯಪಿನಿಂದ ನಾಲ್ಕು ಅಕ್ಷರ ಕಳುಹಿಸಿ. ಅವು ಹಾಗೆಯೇ ಮರಳಿ ಬಂದರೆ ಬೋರ್ಡ್ ಇನ್ನೂ ಜೀವಂತವಾಗಿದೆ.

ಬಾನಾಡಿ_ಮಣಿಪಾಲ:

ತಾರಸಿಯ ಮೇಲೆ ಆಕಾಶ ಕಾಣುವಂತೆ ಇಟ್ಟು ನೋಡಿದೆ. ಮಾನಿಟರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಂಥ ಕಸ ಸೆಕೆಂಡಿಗೊಮ್ಮೆ ಗುಂಪಾಗಿ ಬರುತ್ತದೆ. ಬೋರ್ಡ್ ಬಿಡಿಸಿದಾಗ ತಂತಿಯಲ್ಲಿ ಸುಮಾರು ಮೈನಸ್ 5.6 ವೋಲ್ಟ್ ಇದ್ದು, ಸೆಕೆಂಡಿಗೊಮ್ಮೆ ಸ್ವಲ್ಪ ಅಲುಗುತ್ತದೆ. ಕಳುಹಿಸಿದ ಅಕ್ಷರಗಳು ಸರಿಯಾಗಿ ಮರಳಿ ಬಂದವು.

ಬೆಸುಗೆಕಡ್ಡಿ_ಸುರತ್ಕಲ್:

ಮೈನಸ್ ಎಂಬ ಆ ಒಂದು ಚಿಹ್ನೆ ಸಾಕು, ಮಾರಾಯ್ರೇ. ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಪದ್ಧತಿಯ ತಂತಿ ಸುಮ್ಮನಿರುವಾಗ ಋಣ ವೋಲ್ಟೇಜಿನಲ್ಲಿರುತ್ತದೆ. ಎಚ್‌ಸಿ-05 ಅರ್ಥ ಮಾಡಿಕೊಳ್ಳುವ ಟಿಟಿಎಲ್ ಎಂಬ ಕಡಿಮೆ ವೋಲ್ಟೇಜ್ ಮಟ್ಟದ ತಂತಿ ಸುಮ್ಮನಿರುವಾಗ ಧನ 3.3 ವೋಲ್ಟಿನಲ್ಲಿರುತ್ತದೆ. ಎಂದರೆ ಎರಡರ ಮಟ್ಟವಷ್ಟೇ ಅಲ್ಲ, ಸೊನ್ನೆ–ಒಂದುಗಳೂ ತಲೆಕೆಳಗು. ನೇರವಾಗಿ ಜೋಡಿಸಿದರೆ ಕಸ ಬರುವುದು ಸಹಜ, ದಿನ ಕಳೆದಂತೆ ಬೋರ್ಡ್ ಸಾಯುವುದೂ ಸಹಜ. ನಿಮ್ಮದು ಬದುಕಿ ಉಳಿದದ್ದು ಅದೃಷ್ಟ. ಆ ಸಿದ್ಧ ಕೇಬಲ್ ಮಾಡಿದವರು ನಡುವೆ ಇರಬೇಕಾದ ಮಟ್ಟ ಪರಿವರ್ತಕವನ್ನು ಬಿಟ್ಟಿದ್ದಾರೆ.

ಮ್ಯಾಕ್ಸ್3232 ಚಿಪ್ ಇರುವ ಸಣ್ಣ ಬೋರ್ಡ್ ತಂದು ನಡುವೆ ಹಾಕಿ. ಹಂಪನಕಟ್ಟೆಯ ಕಡೆ ಅಂಗಡಿಯಲ್ಲಿ ಕೇಳುವಾಗ 3232 ಎಂದು ಒತ್ತಿ ಹೇಳಿ, ಏಕೆಂದರೆ ಹಳೆಯ ಮ್ಯಾಕ್ಸ್232 ಕೆಲಸ ಮಾಡುವುದು 5 ವೋಲ್ಟಿನಲ್ಲಿ. 3232 ಚಿಪ್ 3.3ರಲ್ಲೂ 5ರಲ್ಲೂ ನಡೆಯುತ್ತದೆ. ಆದರೆ ನೀವು 3.3 ವೋಲ್ಟನ್ನೇ ಕೊಡಬೇಕು, ಇಲ್ಲವಾದರೆ ಅದರಿಂದ ಹೊರಬರುವ 5 ವೋಲ್ಟಿನ ಸಂಕೇತ ಎಚ್‌ಸಿ-05ರ ಆರ್‌ಎಕ್ಸ್ ಪಿನ್ನಿಗೆ ಹೆಚ್ಚಾಗುತ್ತದೆ.

ಇದಾದ ಮೇಲೂ ಕಸ ಬಂದರೆ ಹೆದರಬೇಡಿ; ಆಗ ಉಳಿಯುವುದು ವೇಗದ ವ್ಯತ್ಯಾಸ. ಎಚ್‌ಸಿ-05 ಸಾಮಾನ್ಯವಾಗಿ 9600 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್) ಹೊಂದಿಸಿ ಬರುತ್ತದೆ, ಫ್ಲಾರ್ಮ್ ಬಹುಮಟ್ಟಿಗೆ 19200ರಲ್ಲಿ ಮಾತಾಡುತ್ತದೆ. ಫ್ಲಾರ್ಮಿನ ವೇಗವನ್ನು ಇಳಿಸಬೇಡಿ. ಅದೇ ಪೋರ್ಟಿನಲ್ಲಿ ಬೇರೆ ಡಿಸ್‌ಪ್ಲೇ ಇದ್ದರೆ ಅದು ಕುರುಡಾಗುತ್ತದೆ. ಜೊತೆಗೆ ಕಡಿಮೆ ವೇಗದಲ್ಲಿ ಸಾಲುಗಳಿಗೆ ಜಾಗವೂ ಸಾಲುವುದಿಲ್ಲ. 4800 ಬಾಡ್ ಎಂದರೆ, ಅಕ್ಷರಕ್ಕೆ ಹತ್ತು ಬಿಟ್‌ನಂತೆ, ಸೆಕೆಂಡಿಗೆ 480 ಅಕ್ಷರ, ಡಾಲರ್ ಚಿಹ್ನೆಯ ಆ ಒಂದು ಎನ್‌ಎಂಇಎ ಸಾಲು 82 ಅಕ್ಷರಗಳವರೆಗೆ ಇರಬಹುದು; ಒಂದೇ ಥರ್ಮಲ್‌ನಲ್ಲಿ (ಮೇಲೇರುವ ಬಿಸಿಗಾಳಿಯಲ್ಲಿ) ನಾಲ್ಕಾರು ಗ್ಲೈಡರುಗಳು ಸೇರಿದಾಗ, ಅಂದರೆ ಮಾಹಿತಿ ಅತ್ಯಂತ ಬೇಕಾದ ಹೊತ್ತಿನಲ್ಲೇ, ಸಾಲುಗಳು ಉಕ್ಕಿ ಹರಿಯುತ್ತವೆ. ಬದಲಿಸಬೇಕಾದದ್ದು ಬೋರ್ಡಿನ ವೇಗವನ್ನು: ಅದರ ಗುಂಡಿ ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ದೀಪ ನಿಧಾನವಾಗಿ ಮಿನುಗುತ್ತದೆ, ಆಗ ಕಂಪ್ಯೂಟರಿನಿಂದ 38400 ವೇಗದಲ್ಲಿ ಎಟಿ ಆದೇಶಗಳನ್ನು (ಬೋರ್ಡಿನ ಹೊಂದಿಕೆ ಬದಲಿಸುವ ಆದೇಶಗಳನ್ನು) ಕೊಟ್ಟು 19200ಕ್ಕೆ ಹೊಂದಿಸಬಹುದು. ಪ್ರತಿ ಆದೇಶದ ಕೊನೆಗೆ ಸಿಆರ್ ಮತ್ತು ಎಲ್‌ಎಫ್ (ಸಾಲು ಮುಗಿಸುವ ಚಿಹ್ನೆಗಳು) ಎರಡೂ ಹೋಗಬೇಕು.

ಇನ್ನೊಂದು ಮಾತು. ಎಲ್ಲ ಸರಿಯಾದ ಮೇಲೆ ಫ್ಲಾರ್ಮಿನ ಸ್ಥಿತಿ ಮತ್ತು ಎಚ್ಚರಿಕೆ ಹೇಳುವ ಪಿಎಫ್‌ಎಲ್‌ಎಯು ಎಂಬ ಸಾಲು ಸೆಕೆಂಡಿಗೊಮ್ಮೆ ಬರಬೇಕು. ಪಿಎಫ್‌ಎಲ್‌ಎಎ ಬರಲಿಲ್ಲವೆಂದು ಚಿಂತಿಸಬೇಡಿ. ಅದು ಸುತ್ತಲಿನ ಒಂದೊಂದು ವಿಮಾನಕ್ಕೆ ಒಂದೊಂದು ಸಾಲು, ಮಣಿಪಾಲದ ಆಕಾಶದಲ್ಲಿ ನಿಮ್ಮದಲ್ಲದೆ ಇನ್ನೊಂದು ಫ್ಲಾರ್ಮ್ ಎಲ್ಲಿಂದ ಬರಬೇಕು? ಬಜಪೆಗೆ (ಮಂಗಳೂರು ವಿಮಾನ ನಿಲ್ದಾಣಕ್ಕೆ) ಇಳಿಯುವ ವಿಮಾನಗಳು ತಮ್ಮ ಸ್ಥಾನ ಸಾರುವ ಎಡಿಎಸ್-ಬಿ ಸಂಕೇತವನ್ನು ಹೊಸ ಮಾದರಿಯಾದ ಪವರ್‌ಫ್ಲಾರ್ಮ್ ಹಿಡಿಯಬಲ್ಲದು, ನಿಮ್ಮ ಹಳೆಯದು ಹಿಡಿಯದು.

ತೇಲುರೆಕ್ಕೆ_ಕಂಕನಾಡಿ:

ಮೊಬೈಲ್ ಆಯ್ಕೆಯ ಬಗ್ಗೆ ನಾನು ಹೇಳುತ್ತೇನೆ. ಐಫೋನಿಗೆ ಹೋದರೆ ನಿಮ್ಮ ಎಚ್‌ಸಿ-05 ಮೂಲೆ ಸೇರುತ್ತದೆ, ಏಕೆಂದರೆ ಅದು ಹಳೆಯ ಮಾದರಿಯ ಬ್ಲೂಟೂತ್ ಸೀರಿಯಲ್ ಪ್ರೊಫೈಲ್ ಬಳಸುತ್ತದೆ, ಐಫೋನ್ ಅದನ್ನು ಸಾಮಾನ್ಯ ಸಾಧನಗಳಿಗೆ ತೆರೆದಿಟ್ಟಿಲ್ಲ. ಅಲ್ಲಿ ಬ್ಲೂಟೂತ್ ಎಲ್‌ಇ ಬೋರ್ಡ್ ಅಥವಾ ವೈಫೈ ಬೇಕು. ವೈಫೈ ಆರಿಸಿಕೊಂಡವರು, ಈ ಜಾಲದಲ್ಲಿ ಇಂಟರ್ನೆಟ್ ಇಲ್ಲವೆಂದು ಮೊಬೈಲ್ ಎಚ್ಚರಿಸಿದಾಗಲೂ ಅದರಲ್ಲೇ ಉಳಿಯುವಂತೆ ಒಪ್ಪಿಗೆ ಕೊಟ್ಟಿರಬೇಕು. ಇಲ್ಲದಿದ್ದರೆ ಮೊಬೈಲ್ ಮೆಲ್ಲಗೆ ಸಂಪರ್ಕ ಬಿಟ್ಟು ಸಿಮ್ ಡೇಟಾಕ್ಕೆ ಜಾರುತ್ತದೆ. ಬಿಸಿಲಿನಲ್ಲಿ ಓದಲು ಕೋಬೋ ಇ-ರೀಡರ್ ಎಲ್ಲಕ್ಕಿಂತ ಸೊಗಸು, ಅದರಲ್ಲೂ ಎಕ್ಸ್‌ಸಿಸೋರ್ ನಡೆಯುತ್ತದೆ. ಆದರೆ ಅದಕ್ಕೆ ಸ್ವಂತ ಜಿಪಿಎಸ್ ಇಲ್ಲ, ಹೊರಗಿನಿಂದಲೇ ಕೊಡಬೇಕು. ಟ್ಯಾಬ್ಲೆಟ್ ನನಗೆ ಹಿಡಿಸುವುದಿಲ್ಲ. ಒಂಟಿ ಆಸನದ ಗ್ಲೈಡರಿನಲ್ಲಿ ಅದು ಸ್ಟಿಕ್ಕಿನ (ವಿಮಾನ ನಿಯಂತ್ರಿಸುವ ಕೋಲಿನ) ದಾರಿಗೋ ಉಪಕರಣ ಫಲಕಕ್ಕೋ ಅಡ್ಡ ಬರುತ್ತದೆ.

ಪರದೆ ಮಂಕಾಗುವುದು ದೋಷವಲ್ಲ, ಮೊಬೈಲ್ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ಆ್ಯಪಲ್ ಕಂಪನಿಯೇ ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಲು ಹೇಳುತ್ತದೆ. ಕ್ಯಾನಪಿ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ) ಮುಚ್ಚಿಕೊಂಡು ಟೋಗಾಗಿ (ಮೇಲಕ್ಕೆ ಎಳೆದೊಯ್ಯುವ ಸರದಿಗಾಗಿ) ಸಾಲಿನಲ್ಲಿ ಕಾಯುವಾಗ ಒಳಗಿನ ಬಿಸಿ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಪೂರ್ಣ ಹೊಳಪು, ಜಿಪಿಎಸ್, ವೇಗದ ಚಾರ್ಜಿಂಗ್ ಮೂರೂ ಸೇರಿದರೆ ಬೇರೆ ದಾರಿಯೇ ಇಲ್ಲ. ನೂರು ಪ್ರತಿಶತ ಚಾರ್ಜಿನೊಂದಿಗೆ ಹೊರಡಿ, ನೆಲದಲ್ಲಿರುವಾಗ ಬಿಳಿ ಬಟ್ಟೆ ಮುಚ್ಚಿಡಿ, ದಪ್ಪ ಕಪ್ಪು ಕವರ್ ತೆಗೆಯಿರಿ, ಗಾಳಿ ಬರುವ ಕಿಂಡಿಯ ಹತ್ತಿರ ಕೂರಿಸಿ, ಚಾರ್ಜಿಂಗನ್ನು ಅರ್ಧ ಆಂಪಿಯರ್ ಆಸುಪಾಸಿಗೆ ಮಿತಿಗೊಳಿಸಿ. ಪೋಲರೈಸ್ಡ್ ಕನ್ನಡಕ ಧರಿಸುವವರಾದರೆ ಕೊಳ್ಳುವ ಮೊದಲೇ ಪರದೆಯನ್ನು ಅಡ್ಡ ಮತ್ತು ಉದ್ದ ಎರಡೂ ರೀತಿಯಲ್ಲಿ ಹಿಡಿದು ನೋಡಿ. ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುವ ಪರದೆಗಳುಂಟು.

ಒತ್ತಡ ಸಂವೇದಕ ಅಂದರೆ ಬ್ಯಾರೋಮೀಟರ್ ಇರುವ ಮೊಬೈಲ್ ಆದರೆ ಒಳ್ಳೆಯದು, ಆದರೆ ಅದನ್ನು ವೇರಿಯೋಮೀಟರ್ (ಏರುವ, ಇಳಿಯುವ ವೇಗ ತೋರಿಸುವ ಉಪಕರಣ) ಎಂದು ನಂಬಬಾರದು. ಅದು ಅಳೆಯುವುದು ಕಾಕ್‌ಪಿಟ್ಟಿನ ಒಳಗಿನ ಒತ್ತಡವನ್ನು. ಕಿಟಕಿ ಸರಿಸಿದರೂ ಆ ಓದು ಬದಲಾಗುತ್ತದೆ. ವೇಗದ ಬದಲಾವಣೆಯಿಂದಾಗುವ ಏರಿಳಿತವನ್ನು ಕಳೆದು ತೋರಿಸುವ ಟೋಟಲ್ ಎನರ್ಜಿ ನಳಿಕೆಯ ಪರಿಹಾರವೂ ಅದಕ್ಕಿಲ್ಲ. ಗಂಟೆಗೆ 150 ಕಿಲೋಮೀಟರಿನಿಂದ 100ಕ್ಕೆ ಸ್ಟಿಕ್ ಎಳೆದು ಇಳಿಸಿದರೆ, ಗಾಳಿ ಏನೂ ಎತ್ತದಿದ್ದರೂ ವೇಗವೇ ಎತ್ತರವಾಗಿ ಸುಮಾರು 49 ಮೀಟರ್ ಸಿಗುತ್ತದೆ. ಮೊಬೈಲ್ ಅದನ್ನು ಥರ್ಮಲ್ ಎಂದು ಹೇಳಿ ಸಂತೋಷಪಡಿಸುತ್ತದೆ, ನೀವು ಅಲ್ಲೇ ಸುತ್ತಲು ಶುರುಮಾಡಿ ಎತ್ತರ ಕಳೆದುಕೊಳ್ಳುತ್ತೀರಿ. ಮೇಲೇರುವ ತೀರ್ಮಾನ ಫಲಕದ ವೇರಿಯೋದ್ದೇ ಆಗಿರಲಿ. ಮೊಬೈಲ್ ನಕ್ಷೆ, ವಾಯುಪ್ರದೇಶದ ಗಡಿ ಮತ್ತು ಅಂತಿಮ ಗ್ಲೈಡಿನ (ಇಳಿಯುವ ಜಾಗ ಮುಟ್ಟಲು ಎತ್ತರ ಸಾಕೇ ಎಂಬ) ಲೆಕ್ಕಕ್ಕೆ.

ಬೆಸುಗೆಕಡ್ಡಿ_ಸುರತ್ಕಲ್:

ರೇಡಿಯೋ ಗೊರಗುಟ್ಟುವುದಕ್ಕೆ ಬರುತ್ತೇನೆ. ಅಗ್ಗದ ಪರಿವರ್ತಕಗಳು 12 ವೋಲ್ಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕತ್ತರಿಸಿ 5 ವೋಲ್ಟ್ ಮಾಡುತ್ತವೆ. ಆ ಕತ್ತರಿಸುವಿಕೆಯ ಮೇಲಿನ ಹಾರ್ಮೋನಿಕ್‌ಗಳು (ಗುಣಕ ಆವರ್ತನಗಳು) ವಿಮಾನ ರೇಡಿಯೋದ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯವರೆಗೂ ಏರುತ್ತವೆ, ಚಾರ್ಜಿಂಗ್ ಕೇಬಲೇ ಆಂಟೆನಾ ಆಗುತ್ತದೆ. ಇಲ್ಲಿ ವಿಮಾನ ರೇಡಿಯೋ ಇಲ್ಲದೆಯೂ ಪರೀಕ್ಷಿಸಬಹುದು. ಸಾಮಾನ್ಯ ಎಫ್‌ಎಂ ರೇಡಿಯೋವನ್ನು 108ರ ಹತ್ತಿರ ನಿಲಯವಿಲ್ಲದ ಜಾಗಕ್ಕೆ ತಿರುಗಿಸಿ ಪರಿವರ್ತಕದ ಪಕ್ಕ ಇಡಿ. ಪರಿವರ್ತಕವನ್ನು ಹಾಕಿ ಆರಿಸಿದಾಗ ಸದ್ದು ಬದಲಾದರೆ 118ರಲ್ಲೂ ಹಾಗೆಯೇ ಎಂದು ಧಾರಾಳವಾಗಿ ಭಾವಿಸಿ. ಕೇಬಲಿನ ಎರಡೂ ತುದಿಗೆ ಫೆರೈಟ್ (ರೇಡಿಯೋ ಗದ್ದಲ ತಡೆಯುವ ಉಂಗುರ) ಹಾಕಿ ಒಂದೆರಡು ಸುತ್ತು ಸುತ್ತಿದರೆ ಕಡಿಮೆಯಾಗುತ್ತದೆ, ಲೋಹದ ಪೆಟ್ಟಿಗೆಯಲ್ಲಿರುವ ಒಳ್ಳೆಯ ಪರಿವರ್ತಕ ಇನ್ನೂ ಉತ್ತಮ.

ನನ್ನನ್ನು ಕೇಳಿದರೆ ಮೊಬೈಲಿಗೆ ವಿಮಾನದ ವಿದ್ಯುತ್ತನ್ನೇ ಮುಟ್ಟಬೇಡಿ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿರುವುದು 37 ವಾಟ್-ಗಂಟೆ. ನಷ್ಟ ಕಳೆದರೂ 4 ವಾಟ್ ಎಳೆಯುವ ಮೊಬೈಲನ್ನು ಅದು ಆರೇಳು ಗಂಟೆ ನಡೆಸುತ್ತದೆ. ಪವರ್ ಬ್ಯಾಂಕಿನೊಳಗೂ ಪರಿವರ್ತಕವೇ ಇರುವುದರಿಂದ ಅದೇ ಎಫ್‌ಎಂ ಪರೀಕ್ಷೆ ಅದಕ್ಕೂ ಆಗಲಿ. ಹಿಂದಿರುಗುವಾಗ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ವಿಮಾನದ ತಂತಿಗೆ ಏನೇ ಜೋಡಿಸುವುದಾದರೂ ಕ್ಲಬ್ಬಿನ ತಾಂತ್ರಿಕ ಹೊಣೆಗಾರರ ಒಪ್ಪಿಗೆ ಮೊದಲು.

ಬಾನಾಡಿ_ಮಣಿಪಾಲ:

3232 ಬೋರ್ಡ್ ಹಾಕಿ, ಎಚ್‌ಸಿ-05ನ್ನು 19200ಕ್ಕೆ ಹೊಂದಿಸಿದೆ. ಪಿಎಫ್‌ಎಲ್‌ಎಯು ಸಾಲುಗಳು ಶುದ್ಧವಾಗಿ ಬರುತ್ತಿವೆ, ಫ್ಲಾರ್ಮಿನ ಸ್ಥಾನವೂ ಕಾಣುತ್ತಿದೆ. ಎಫ್‌ಎಂ ಪರೀಕ್ಷೆಯಲ್ಲಿ ಹಳೆಯ ಪರಿವರ್ತಕ ಚೀರಿತು, ಪವರ್ ಬ್ಯಾಂಕ್ ಸುಮ್ಮನಿತ್ತು. ಇಬ್ಬರಿಗೂ ಧನ್ಯವಾದ. ಈಗ ಉಳಿದಿರುವುದು ಒಂದೇ: ಪರದೆ ಆರಿದ ಸ್ವಲ್ಪ ಹೊತ್ತಿಗೆ ಬ್ಲೂಟೂತ್ ಕಡಿದುಹೋಗುತ್ತದೆ.

ತೇಲುರೆಕ್ಕೆ_ಕಂಕನಾಡಿ:

ಅದು ಬ್ಯಾಟರಿ ಉಳಿಸುವ ಸೆಟ್ಟಿಂಗ್ ಮಾಡುವ ಕೆಲಸ. ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಆಂಡ್ರಾಯ್ಡ್ 12 ಅಥವಾ ನಂತರದ್ದಾದರೆ ಸ್ಥಳದ ಅನುಮತಿಯಲ್ಲದೆ ಹತ್ತಿರದ ಸಾಧನಗಳ ಅನುಮತಿಯೂ ಇದೆಯೇ ನೋಡಿ. ನಂತರ ಬೇರೆಯವರು ಕಾರು ನಡೆಸುವಾಗ ಮಣಿಪಾಲದಿಂದ ಹೆಬ್ರಿ ಮಾರ್ಗವಾಗಿ ಆಗುಂಬೆ ಘಾಟಿ ಹತ್ತಿ ಬನ್ನಿ. ಕಾಡಿನ ನಡುವೆ ಸಿಗ್ನಲ್ ಹೋದಾಗ ನಕ್ಷೆ ನಿಜಕ್ಕೂ ಮೊಬೈಲಿನೊಳಗೆ ಇಳಿದಿದೆಯೇ ಎಂಬುದು ಗೊತ್ತಾಗುತ್ತದೆ. 600 ಮೀಟರಿಗಿಂತ ಮೇಲಿನ ಆ ಏರಿನಲ್ಲಿ ಬ್ಯಾರೋಮೀಟರಿನ ಎತ್ತರವನ್ನು ಜಿಪಿಎಸ್ ಎತ್ತರದೊಂದಿಗೆ ಹೋಲಿಸಲೂಬಹುದು. ಹೊರಡುವ ಮೊದಲು ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಆ ಹೊತ್ತಿನ ಗಾಳಿಯ ಒತ್ತಡ) ಹೊಂದಿಸಿಕೊಂಡಿರಿ. ಎಕ್ಸ್‌ಸಿಸೋರ್‌ನ ಲಾಗರನ್ನು ಕೈಯಿಂದಲೇ ಚಾಲೂ ಮಾಡಿ, ಪರದೆ ಆರಿಸಿ ಇಡಿ, ಮನೆಗೆ ಬಂದು ಐಜಿಸಿ ಕಡತ (ಹಾರಾಟದ ದಾಖಲೆ) ತೆರೆದು ಬಿ ಅಕ್ಷರದಿಂದ ಆರಂಭವಾಗುವ ಸ್ಥಾನದ ಸಾಲುಗಳ ಸಮಯ ನೋಡಿ. ಎಲ್ಲಾದರೂ ನಿಮಿಷಗಟ್ಟಲೆ ಅಂತರವಿದ್ದರೆ ಆ ಸಾಲನ್ನು ಮೊಬೈಲಿನ ಮಾದರಿಯೊಂದಿಗೆ ಇಲ್ಲಿ ಹಾಕಿ. ಪ್ರತಿ ಕಂಪನಿ ಆ ಸೆಟ್ಟಿಂಗನ್ನು ಬೇರೆ ಬೇರೆ ಕಡೆ ಅಡಗಿಸಿಡುತ್ತದೆ.