ಪ್ಯಾಪ್ ಸ್ಮಿಯರ್‌ನಲ್ಲಿ ಏರುಪೇರು: ಮೊದಲು ಬಯಾಪ್ಸಿಯೋ, ನೇರವಾಗಿ ಗರ್ಭಕೋಶ ತೆಗೆಸುವುದೋ?

ಪ್ರಶ್ನೆ: ನನಗೆ 41 ವರ್ಷ, ಇಬ್ಬರು ಮಕ್ಕಳು. ಬಿಳಿಸೆರಗು ಜಾಸ್ತಿಯಾಯಿತೆಂದು ತೋರಿಸಲು ಹೋದಾಗ ಪ್ಯಾಪ್ ಸ್ಮಿಯರ್ ಮಾಡಿದರು. ವರದಿಯಲ್ಲಿ ‘ಎಚ್‌ಎಸ್‌ಐಎಲ್’ ಎಂದಿದೆ. ನಮ್ಮೂರಿನ ವೈದ್ಯರು ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎನ್ನುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಕಾಲ್ಪೊಸ್ಕೋಪಿ (ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು), ಬಯಾಪ್ಸಿ ಬರೆದುಕೊಟ್ಟಿದ್ದಾರೆ. ಚೂರು ಕತ್ತರಿಸಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂದು ಅತ್ತೆಯವರಿಗೆ ಭಯ. ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.

ಉತ್ತರ: ತಂಗಿ, ಮೊದಲು ಬಯಾಪ್ಸಿ ಮಾಡಿಸಿ. ಎಚ್‌ಎಸ್‌ಐಎಲ್ ಎಂದರೆ ಜೀವಕೋಶಗಳಲ್ಲಿ ಹೆಚ್ಚಿನ ದರ್ಜೆಯ ಬದಲಾವಣೆ; ನನ್ನ ವರದಿಯಲ್ಲೂ ಇದೇ ಅಕ್ಷರಗಳಿದ್ದವು. ಪ್ಯಾಪ್ ಸ್ಮಿಯರ್ ಗರ್ಭಕೊರಳಿನ ಮೇಲ್ಪದರದಿಂದ ಸವರಿ ತೆಗೆದ ಜೀವಕೋಶಗಳನ್ನು ನೋಡಿ ಅನುಮಾನ ಹೇಳುತ್ತದೆ, ಅಷ್ಟೇ. ಬದಲಾವಣೆ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಅಂಗಾಂಶದ ಚೂರೇ ಬೇಕು.

ಪರೀಕ್ಷೆ ನಡೆಯುವ ಬಗೆ ಹೀಗೆ. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೊರಳಿಗೆ ಒತ್ತಿ ಹಿಡಿದರು. ಸಣ್ಣ ಉರಿ, ವಿನೆಗರ್ ವಾಸನೆ. ಉಪಕರಣದ ಪರದೆ ನನ್ನ ಕಡೆಗೂ ಕಾಣುತ್ತಿತ್ತು: ಗುಲಾಬಿ ಬಣ್ಣದ ಒಂದು ಮಗ್ಗುಲು ನೋಡನೋಡುತ್ತಲೇ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಆಮೇಲೆ ಅಯೋಡಿನ್ ಹಚ್ಚಿದಾಗ ಸುತ್ತಲೂ ಕಂದು ಬಣ್ಣ ಹಿಡಿಯಿತು, ಆ ಭಾಗ ಮಾತ್ರ ಹಳದಿಯಾಗಿಯೇ ಉಳಿಯಿತು. ಚೂರು ತೆಗೆಯಬೇಕಾದ ಜಾಗ ಅದೇ. ‘ಕೆಮ್ಮಿ’ ಎಂದರು, ಕೆಮ್ಮುತ್ತಿದ್ದಂತೆ ಚುರುಕ್ಕೆಂದಿತು. ಎರಡು-ಮೂರು ಮಿಲಿಮೀಟರ್ ಚೂರು, ಅದು ಕೆಡದಂತೆ ಇಡುವ ಫಾರ್ಮಾಲಿನ್ ಬಾಟಲಿಗೆ ಬಿತ್ತು. ಬಾಟಲಿಯ ಮೇಲೆ ನಿಮ್ಮ ಹೆಸರು ಸರಿಯಾಗಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಕಿಬ್ಬೊಟ್ಟೆ ಮುಟ್ಟಿನ ನೋವಿನ ಹಾಗೆ ಹಿಂಡಿತು, ಸಂಜೆಗೆ ಕಡಿಮೆಯಾಯಿತು.

ಫಲಿತಾಂಶ ಸಿಐಎನ್ 3, ಅಂದರೆ ಗರ್ಭಕೊರಳಿನ ಮೇಲ್ಪದರದ ಬದಲಾವಣೆಯಲ್ಲಿ ಅತಿ ಹೆಚ್ಚಿನ ದರ್ಜೆ, ಎಂದು ಬಂತು. ಅದು ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ವರ್ಷಗಳ ನಂತರ ಕ್ಯಾನ್ಸರ್ ಆಗಬಲ್ಲದ್ದು. ಲೀಪ್ ವಿಧಾನದಲ್ಲಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆದರು. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅದೇ ದಿನ ಮನೆಗೆ ಕಳುಹಿಸಿದರು. ಗರ್ಭಕೋಶ ಹಾಗೆಯೇ ಇದೆ.

ಇನ್ನೊಬ್ಬರು: ನನ್ನದು ಸಿಐಎನ್ 1, ಅತಿ ಕಡಿಮೆ ದರ್ಜೆ. ಔಷಧವನ್ನೂ ಕೊಡಲಿಲ್ಲ, ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಸರಿಹೋಗಿತ್ತು. ಈ ಬದಲಾವಣೆಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಸೋಂಕನ್ನು ಎಷ್ಟೋ ಸಲ ದೇಹವೇ ಗೆಲ್ಲುತ್ತದಂತೆ. ಆದರೆ ನಿಮ್ಮ ಪ್ಯಾಪ್‌ನಲ್ಲಿರುವುದು ಹೆಚ್ಚಿನ ದರ್ಜೆಯ ಬದಲಾವಣೆ. ನನ್ನ ಮಾತು ಕೇಳಿ ತಡಮಾಡಬೇಡಿ.

ಮತ್ತೊಬ್ಬರು: ನಾನು ಸ್ತ್ರೀರೋಗ ವಿಭಾಗದಲ್ಲಿ ಶುಶ್ರೂಷಕಿ. ಬಯಾಪ್ಸಿಯಿಂದ ಇದು ಹರಡುವುದಿಲ್ಲ. ನಿಮ್ಮ ಅತ್ತೆಯವರನ್ನೂ ಜೊತೆಗೆ ಕರೆತನ್ನಿ, ನಮ್ಮಂಥವರು ಕೂತು ವಿವರಿಸುತ್ತೇವೆ. ನಿಜವಾದ ಅಪಾಯ ಇರುವುದು ಬಯಾಪ್ಸಿ ಇಲ್ಲದೆ ಗರ್ಭಕೋಶ ತೆಗೆಸುವುದರಲ್ಲಿ. ಒಳಗೆ ಆಗಲೇ ಕ್ಯಾನ್ಸರ್ ಇದ್ದರೆ ಮಾಮೂಲಿ ಶಸ್ತ್ರಚಿಕಿತ್ಸೆ ಸಾಕಾಗದೇ ಹೋಗಬಹುದು, ಮುಂದಿನ ಚಿಕಿತ್ಸೆಯೂ ಜಟಿಲವಾಗುತ್ತದೆ. ಇಲ್ಲದಿದ್ದರೆ ಬೇಡದ ಅಂಗಚ್ಛೇದ. ಹಾವೇರಿ, ಕಲಬುರಗಿ ಜಿಲ್ಲೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ಸುದ್ದಿಯಾಗಿದ್ದವಲ್ಲ, ನೆನಪಿರಲಿ.

ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಗರ್ಭಿಣಿಯಿರುವ ಅನುಮಾನವಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಆಮೇಲೆ ಕೆಲವು ದಿನ ಕಪ್ಪುಗಂದು ಸ್ರಾವ ಹೋಗುತ್ತದೆ. ಅದು ರಕ್ತ ನಿಲ್ಲಿಸಲು ಹಚ್ಚಿದ ಔಷಧದ ಬಣ್ಣ. ಅಲ್ಲಿಯವರೆಗೆ ದಾಂಪತ್ಯ ಸಂಪರ್ಕ ಬೇಡ. ಜ್ವರ, ದುರ್ವಾಸನೆ ಅಥವಾ ಮುಟ್ಟಿಗಿಂತ ಹೆಚ್ಚು ರಕ್ತಸ್ರಾವ ಕಂಡರೆ ತಕ್ಷಣ ಬನ್ನಿ.

ವರದಿಯ ಜೊತೆಗೆ ಸ್ಲೈಡ್ ಮತ್ತು ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೂಡ ಪ್ರಯೋಗಾಲಯದಿಂದ ಕೇಳಿ ಪಡೆಯಬಹುದು. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಎರಡನೇ ಅಭಿಪ್ರಾಯ ಕೇಳುವುದಾದರೆ ಅವನ್ನು ಒಯ್ಯಿರಿ. ಸಾಮಾನ್ಯವಾಗಿ ಮತ್ತೆ ಚೂರು ತೆಗೆಸುವ ಅಗತ್ಯ ಬೀಳುವುದಿಲ್ಲ.