ನ್ಯಾಟೋ ಸೇನೆಗಳ ಖರೀದಿ ಹೇಗೆ ನಡೆಯುತ್ತೆ, ಬೆಳಗಾವಿಯ ಫೌಂಡ್ರಿಗೆ ಅಲ್ಲಿ ಕೆಲಸ ಸಿಗುತ್ತಾ?

ಅಡ್ಮಿನ್: ಈ ವಾರದ ಪ್ರಶ್ನೋತ್ತರಕ್ಕೆ ಹಿಂದವಾಡಿಯ ಮೇಡಂ ಬಂದಿದ್ದಾರೆ. ಭೂಸೇನೆಗೆ ಸಾಮಾನು ಸರಬರಾಜು ನೋಡಿಕೊಳ್ಳುವ ಆರ್ಡ್‌ನೆನ್ಸ್ ಕೋರ್‌ನಲ್ಲಿ 14 ವರ್ಷ ಅಧಿಕಾರಿಯಾಗಿದ್ದವರು. ಆಮೇಲೆ ಯುರೋಪಿನ ಒಂದು ಬಿಡಿಭಾಗದ ಕಂಪನಿಯಲ್ಲಿ ಖರೀದಿ ವಿಭಾಗ ನೋಡಿಕೊಂಡಿದ್ದರು. ಈಗ ಊರಿಗೆ ಮರಳಿದ್ದಾರೆ. ಪ್ರಶ್ನೆಗಳನ್ನು ಇಲ್ಲೇ ಬರೆಯಿರಿ.

ಪ್ರಶ್ನೆ (ಫೌಂಡ್ರಿ, ಉದ್ಯಮಬಾಗ): ನಮಸ್ಕಾರ ಮೇಡಂ. ನಮ್ಮದು ತಂದೆಯವರ ಕಾಲದ ಫೌಂಡ್ರಿ, ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ. ಪಂಪು, ವಾಲ್ವಿನ ಕಾಸ್ಟಿಂಗ್ (ಎರಕದ ಭಾಗ) ಮಾಡುತ್ತೇವೆ. ಹೋದ ತಿಂಗಳು ಒಬ್ಬ ಏಜೆಂಟ್ ಬಂದಿದ್ದರು. ನ್ಯಾಟೋ ವೆಂಡರ್ ರಿಜಿಸ್ಟ್ರೇಶನ್ ಮಾಡಿಸಿಕೊಡುತ್ತೇನೆ, ಮೂರೂವರೆ ಲಕ್ಷ ಆಗುತ್ತೆ, ಆಮೇಲೆ ಟೆಂಡರ್‌ಗಳು ನೇರವಾಗಿ ನಿಮ್ಮ ಮೇಲ್‌ಗೇ ಬರುತ್ತವೆ ಅಂದರು. ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾರೆ. ಯುರೋಪಿನಲ್ಲಿ ಸೇನೆಯ ಖರೀದಿ ಜಾಸ್ತಿ ಆಗಿದೆ ಅಂತ ಪೇಪರ್‌ನಲ್ಲೂ ಓದುತ್ತೇವೆ. ಕೊಡಲಾ, ಬೇಡವಾ?

ಉತ್ತರ: ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನುವುದನ್ನು ನಿಧಾನವಾಗಿ ಓದಿ.

ನ್ಯಾಟೋ ಅಂದರೆ ಒಂದೇ ಸೇನೆ ಅಲ್ಲ, ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ರಕ್ಷಣಾ ಒಕ್ಕೂಟ. ಈಗ ಅದರಲ್ಲಿ 32 ದೇಶಗಳಿವೆ. 2023ರಲ್ಲಿ ಫಿನ್ಲೆಂಡ್, 2024ರಲ್ಲಿ ಸ್ವೀಡನ್ ಸೇರಿದವು. ಪ್ರತಿ ದೇಶಕ್ಕೂ ತನ್ನದೇ ಸೇನೆ, ತನ್ನದೇ ಬಜೆಟ್, ತನ್ನದೇ ಖರೀದಿ ಇಲಾಖೆ ಇದೆ. ದೊಡ್ಡ ಪಾಲು ಖರೀದಿ ಆಯಾ ದೇಶದ ಒಳಗೇ ನಡೆಯುತ್ತದೆ. ನಾಲ್ಕಾರು ದೇಶಗಳಿಗೆ ಒಂದೇ ಸಾಮಾನು ಬೇಕಾದಾಗ, ಬೇರೆ ಬೇರೆ ಕೊಳ್ಳುವ ಬದಲು ಒಟ್ಟಿಗೆ ಕೊಳ್ಳೋಣ ಅಂತ ಒಂದು ಸಂಸ್ಥೆಗೆ ವಹಿಸುತ್ತಾರೆ. ಅದರ ಹೆಸರು ಎನ್‌ಎಸ್‌ಪಿಎ, ಅಂದರೆ ನ್ಯಾಟೋದ ಬೆಂಬಲ ಮತ್ತು ಖರೀದಿ ಏಜೆನ್ಸಿ. ಮುಖ್ಯ ಕಚೇರಿ ಲಕ್ಸೆಂಬರ್ಗ್‌ನ ಕಾಪೆಲ್ಲೆನ್‌ನಲ್ಲಿದೆ. ಬೇರು 1958ರದ್ದು. ಆಗ ಯುರೋಪಿನ ಹಲವು ಸೇನೆಗಳ ಬಳಿ ಒಂದೇ ಬಗೆಯ ಅಮೆರಿಕನ್ ಶಸ್ತ್ರಗಳಿದ್ದವು. ಅವುಗಳ ಬಿಡಿಭಾಗ, ರಿಪೇರಿ ನೋಡಿಕೊಳ್ಳಲು ಒಂದು ಜಂಟಿ ಏಜೆನ್ಸಿ ಹುಟ್ಟಿತು. 2012ರಲ್ಲಿ ಅದರ ಜೊತೆ ಇನ್ನೆರಡು ಏಜೆನ್ಸಿಗಳನ್ನು ಸೇರಿಸಿದರು, 2015ರಲ್ಲಿ ಈಗಿನ ಹೆಸರು ಬಂತು.

ಈ ಏಜೆನ್ಸಿಯ ಟೆಂಡರಿಗೆ ದರ ಹಾಕುವ ಹಕ್ಕು ಸಾಮಾನ್ಯವಾಗಿ ಸದಸ್ಯ ದೇಶಗಳ ಕಂಪನಿಗಳಿಗೆ ಮಾತ್ರ. ಹಣ ಹಾಕುವುದು ಆ ದೇಶಗಳು, ಹಾಗಾಗಿ ಕೆಲಸವೂ ತಮ್ಮ ಕಾರ್ಖಾನೆಗಳಿಗೇ ಹೋಗಲಿ ಅನ್ನುವುದು ಸಹಜ ಅಲ್ವಾ? ಭಾರತ ಸದಸ್ಯ ದೇಶ ಅಲ್ಲ. ಅಂದಮೇಲೆ ಟೆಂಡರ್ ನೇರವಾಗಿ ನಿಮ್ಮ ಮೇಲ್‌ಗೆ ಬರುತ್ತೆ ಅನ್ನುವ ಮಾತೇ ಸುಳ್ಳು.

ಏಜೆಂಟ್ ಮಾರುತ್ತಿರುವುದು ಬಹುಶಃ ಎನ್‌ಕೇಜ್ ಕೋಡ್. ಅದು 5 ಅಕ್ಷರ, ಅಂಕಿಗಳ ಒಂದು ಗುರುತು. ಈ ಸಾಮಾನನ್ನು ಯಾರು ತಯಾರಿಸಿದರು ಅಂತ ಪಟ್ಟಿಯಲ್ಲಿ ತೋರಿಸಲು ಬಳಸುತ್ತಾರೆ. ಭಾರತದ ಕಂಪನಿಗಳಿಗೂ ಸಿಗುತ್ತದೆ. ನಮ್ಮಲ್ಲಿ ಆ ಕೆಲಸ ನೋಡುವುದು ರಕ್ಷಣಾ ಸಚಿವಾಲಯದ ಸ್ಟ್ಯಾಂಡರ್ಡೈಸೇಶನ್ ನಿರ್ದೇಶನಾಲಯ. ಅದಕ್ಕೆ ಲಕ್ಷಗಟ್ಟಲೆ ಖರ್ಚು ಬರುವುದಿಲ್ಲ, ನಡುವೆ ಏಜೆಂಟ್ ಕೂಡ ಬೇಕಿಲ್ಲ. ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಅಷ್ಟೆ. ನಂಬರ್ ಬಂತು ಅಂತ ಬಾಡಿಗೆ ಬರುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಥ್ಯಾಂಕ್ಸ್ ಮೇಡಂ. ಆದರೆ ಆ ಏಜೆಂಟ್, ಏಜೆನ್ಸಿಯ ಒಳಗೆ ನಮ್ಮವರಿದ್ದಾರೆ, ದರ ಮೊದಲೇ ಗೊತ್ತಾಗುತ್ತೆ ಅಂತಲೂ ಹೇಳಿದರು.

ಉತ್ತರ: ಹಾಗಾದರೆ ಇನ್ನೂ ದೂರ ಇರಿ. ಇದೇ ಏಜೆನ್ಸಿಯ ಹಾಲಿ ಮತ್ತು ಮಾಜಿ ನೌಕರರು ಖರೀದಿಯ ಮಾಹಿತಿಯನ್ನು ಕಂಪನಿಗಳಿಗೆ ದಾಟಿಸಿದರು ಎಂಬ ಆರೋಪದ ಮೇಲೆ ತನಿಖೆ ನಡೆಯುತ್ತಿರುವುದು 2025ರ ಮೇ ತಿಂಗಳಲ್ಲಿ ಬಯಲಿಗೆ ಬಂತು. ಬೆಲ್ಜಿಯಂನಲ್ಲಿ ಬಂಧನಗಳೂ ಆದವು. ಆರೋಪ ಸಾಬೀತಾಗುವುದು ಬಿಡುವುದು ಕೋರ್ಟಿನ ವಿಷಯ. ಆದರೆ ಒಳಗಿನ ಮಾಹಿತಿ ಕೊಡುತ್ತೇನೆ ಎಂದು ದುಡ್ಡು ಕೇಳುವವನ ಜೊತೆ ನಿಮ್ಮ ತಂದೆಯವರ ಫೌಂಡ್ರಿಯ ಹೆಸರು ಯಾವ ಕಾಗದದಲ್ಲೂ ಒಟ್ಟಿಗೆ ಬರಬಾರದು.

ಪ್ರಶ್ನೆ (ಎಂಬಿಎ ವಿದ್ಯಾರ್ಥಿನಿ, ಬೆಳಗಾವಿ): ಮೇಡಂ, 32 ದೇಶ ಸೇರಿ ಒಂದು ಖರೀದಿ ಹೇಗೆ ತೀರ್ಮಾನ ಮಾಡುತ್ತವೆ? ಎಲ್ಲರೂ ಒಪ್ಪಲೇಬೇಕಾ? ಮತ್ತೆ ಏಜೆನ್ಸಿಗೆ ಲಾಭ ಎಷ್ಟು?

ಉತ್ತರ: ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನನಗೆ ಇಷ್ಟದ ವಿಷಯ.

ಅಥಣಿ, ಜಮಖಂಡಿ ಕಡೆ ಹೊಳೆಯಿಂದ ಹೊಲಕ್ಕೆ ಪೈಪ್‌ಲೈನ್ ಎಳೆಯುವುದನ್ನು ನೋಡಿದ್ದೀರಲ್ಲ. ಕೃಷ್ಣಾ ದಂಡೆಯಿಂದ ಆರು ಕಿಲೋಮೀಟರ್ ಪೈಪ್ ಹಾಕಲು ಒಬ್ಬ ರೈತನ ಕೈಯಲ್ಲಿ ಆಗುವುದಿಲ್ಲ. ಎಂಟು ಜನ ಸೇರುತ್ತಾರೆ. ಇಡೀ ಊರು ಸೇರುವುದಿಲ್ಲ, ಬೇಕಾದವರು ಮಾತ್ರ. ಯಾರ ಹೊಲ ಎಷ್ಟೋ ಅಷ್ಟು ಪಾಲು ಹಣ. ಪಾಲಿನ ಪ್ರಕಾರ ನೀರಿನ ಪಾಳಿ. ಮೋಟರ್ ಸುಟ್ಟರೆ ಅದೇ ಲೆಕ್ಕದಲ್ಲಿ ರಿಪೇರಿ ಖರ್ಚು. ಲೆಕ್ಕ ಬರೆಯಲು ಒಬ್ಬನನ್ನು ಇಡುತ್ತಾರೆ. ಅವನ ಸಂಬಳವೂ ಎಲ್ಲರ ಮೇಲೆ ಬೀಳುತ್ತದೆ, ಆದರೆ ಅವನು ನೀರು ಮಾರಿ ಲಾಭ ಮಾಡುವ ಹಾಗಿಲ್ಲ.

ಎನ್‌ಎಸ್‌ಪಿಎ ಆ ಲೆಕ್ಕ ಬರೆಯುವವನ ಜಾಗದಲ್ಲಿದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನುವುದೇ ಅದರ ನಿಯಮ. ತನ್ನ ಆಡಳಿತದ ಖರ್ಚನ್ನು ಕೊಳ್ಳುವ ದೇಶಗಳಿಂದಲೇ ತೆಗೆದುಕೊಳ್ಳುತ್ತದೆ. ಒಂದೊಂದು ವಿಷಯಕ್ಕೆ ಬೇಕಾದ ದೇಶಗಳಷ್ಟೇ ಸೇರಿ ಪಾಲುದಾರಿಕೆ ಮಾಡಿಕೊಳ್ಳುತ್ತವೆ. ಮದ್ದುಗುಂಡಿನ ಪಾಲುದಾರಿಕೆ 1993ರಿಂದ ಇದೆ. ಹಂಗೇರಿಯ ಪಾಪಾ ಎಂಬಲ್ಲಿ ಮೂರು ಸಿ-17 ಸರಕು ವಿಮಾನಗಳಿವೆ. 12 ದೇಶಗಳು ಸೇರಿ ಕೊಂಡದ್ದು, 2009ರಿಂದ ಹಾರುತ್ತಿವೆ. ಪ್ರತಿ ದೇಶಕ್ಕೂ ಅದರ ಪಾಲಿನ ಪ್ರಕಾರ ಇಷ್ಟು ತಾಸು ಹಾರಾಟ ಅಂತ ಲೆಕ್ಕ. ನಮ್ಮ ಪಾಳಿ ನೀರೇ ಇದು! ಎಸ್ಟೋನಿಯಾದಂಥ ಚಿಕ್ಕ ದೇಶಕ್ಕೆ ಒಂದು ಸಿ-17 ಕೊಳ್ಳುವುದು ಕನಸಿನ ಮಾತು. ಪಾಲು ಹಾಕಿದ್ದರಿಂದ ಅದಕ್ಕೂ ಬೇಕಾದಾಗ ವಿಮಾನ ಸಿಗುತ್ತದೆ.

ದೊಡ್ಡ ಮೊತ್ತದ ಉದಾಹರಣೆ ಬೇಕಾದರೆ 2024ರ ಜನವರಿ ನೋಡಿ. ಜರ್ಮನಿ, ನೆದರ್ಲೆಂಡ್ಸ್, ರೊಮೇನಿಯಾ, ಸ್ಪೇನ್ ಸೇರಿ 1,000 ಪೇಟ್ರಿಯಟ್ ವಾಯುರಕ್ಷಣಾ ಕ್ಷಿಪಣಿಗಳವರೆಗೆ ಕೊಳ್ಳುವ ಒಪ್ಪಂದ ಈ ಏಜೆನ್ಸಿಯ ಮೂಲಕವೇ ಆಯಿತು. ಅದೇ ತಿಂಗಳು 155 ಮಿಲಿಮೀಟರ್ ಫಿರಂಗಿ ಶೆಲ್‌ಗಳಿಗೆ ಸುಮಾರು 110 ಕೋಟಿ ಯೂರೋಗಳ ಒಪ್ಪಂದವೂ ಆಯಿತು. ಪೇಪರ್‌ನಲ್ಲಿ ಬರುವುದು ಇಂಥವೇ. ದಿನದಿನದ ಕೆಲಸ ಮಾತ್ರ ಬೇರೆ ಥರ. ಬ್ರೇಕಿನ ಭಾಗ, ಜನರೇಟರ್ ರಿಪೇರಿ, ಇಂಧನ, ಟೆಂಟು, ಅಡುಗೆಮನೆ, ಬಟ್ಟೆ ಒಗೆಯುವುದು. ಅಫ್ಘಾನಿಸ್ತಾನದ ಕಂದಹಾರ್ ವಿಮಾನ ನೆಲೆಯಲ್ಲಿ ಇಂಥ ನಿತ್ಯದ ಸೇವೆಗಳನ್ನು ಗುತ್ತಿಗೆ ಕೊಟ್ಟು ನಡೆಸಿದ್ದೂ ಈ ಏಜೆನ್ಸಿಯೇ. ಸೇನೆ ಅಂದರೆ ಬಂದೂಕು ಅಂತ ಜನ ಅಂದುಕೊಳ್ಳುತ್ತಾರೆ. ಆರ್ಡ್‌ನೆನ್ಸ್‌ನಲ್ಲಿ ಇದ್ದವರಿಗೆ ಗೊತ್ತು, ಸೇನೆ ನಿಲ್ಲುವುದು ಅನ್ನ, ಡೀಸೆಲ್, ನಟ್ಟು ಬೋಲ್ಟಿನ ಮೇಲೆ.

ಪ್ರಶ್ನೆ (ಸರ್ಕಾರಿ ಟೆಂಡರ್ ಕೆಲಸ, ಬಾಗಲಕೋಟೆ): ಅಲ್ಲಿಯೂ ನಮ್ಮ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಥರ ಎಲ್1, ಅಂದರೆ ಕಡಿಮೆ ದರದವರಿಗೇ ಕೆಲಸ ಅನ್ನುವ ಪದ್ಧತಿನಾ?

ಉತ್ತರ: ಹೆಚ್ಚು ಕಡಿಮೆ ಹೌದು. ಕೇಳಿದ್ದನ್ನೆಲ್ಲ ಪೂರೈಸಿದವರಲ್ಲಿ ಕಡಿಮೆ ದರದವರಿಗೆ ಅನ್ನುವುದು ವಾಡಿಕೆ. ಕೆಲವು ಖರೀದಿಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಡುತ್ತಾರೆ. ಪದೇ ಪದೇ ಬೇಕಾಗುವ ಸಾಮಾನಿಗೆ ಕೆಲವು ವರ್ಷಗಳ ದರ ಒಪ್ಪಂದ ಮಾಡಿಟ್ಟು, ಬೇಕಾದಾಗ ಆರ್ಡರ್ ಹಾಕುತ್ತಾರೆ. ನಮ್ಮ ರೇಟ್ ಕಾಂಟ್ರ್ಯಾಕ್ಟ್ ಇದ್ದ ಹಾಗೆ.

ಪ್ರಶ್ನೆ (ಮಶೀನ್ ಶಾಪ್, ಮಚ್ಛೆ): ಅಕ್ಕಾ, ನೇರವಾಗಿ ಆಗಲ್ಲ ಅಂದಿರಿ. ಹಾಗಾದರೆ ನಮ್ಮಂಥವರಿಗೆ ದಾರಿಯೇ ಇಲ್ವಾ? ನಮ್ಮಲ್ಲಿ ಕಂಪ್ಯೂಟರಿನಿಂದ ನಡೆಯುವ ಆರು ಸಿಎನ್‌ಸಿ ಯಂತ್ರಗಳಿವೆ, ಗುಣಮಟ್ಟದ ಐಎಸ್‌ಒ 9001 ಸರ್ಟಿಫಿಕೇಟ್ ಇದೆ.

ಉತ್ತರ: ಇದೆ ತಂಗಿ. ಮುಂಬಾಗಿಲಲ್ಲ, ಹಿತ್ತಲ ಬಾಗಿಲೂ ಅಲ್ಲ. ಮೂರನೇ ಮೆಟ್ಟಿಲು ಅನ್ನಿ.

ಏಜೆನ್ಸಿ ಒಂದು ದೊಡ್ಡ ಕಂಪನಿಗೆ ಆರ್ಡರ್ ಕೊಡುತ್ತದೆ. ಅದು ಗೇರ್‌ಬಾಕ್ಸ್ ಮಾಡುವವರಿಗೆ ಕೊಡುತ್ತದೆ. ಅವರು ಹೌಸಿಂಗ್ (ಹೊರಕವಚ) ಕಾಸ್ಟಿಂಗ್‌ಗೆ, ಮಶೀನಿಂಗ್‌ಗೆ ಹೊರಗೆ ಹುಡುಕುತ್ತಾರೆ. ಒಪ್ಪಂದ ಮತ್ತು ರಫ್ತು ನಿಯಮ ಅವಕಾಶ ಕೊಟ್ಟರೆ ಅಲ್ಲಿ ಹೊರಗಿನ ದೇಶಕ್ಕೂ ಜಾಗ ಸಿಗುತ್ತದೆ. ಹತ್ತರಗಿಯ ವಿಶೇಷ ಆರ್ಥಿಕ ವಲಯದಿಂದ ಯುರೋಪಿನ ನಾಗರಿಕ ವಿಮಾನಗಳಿಗೆ ಭಾಗಗಳು ಹೋಗುತ್ತಿಲ್ಲವಾ? ಬೆಳಗಾವಿಯ ಕೈಗೆ ಆ ಕೆಲಸ ಬರುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಸೋಲುವುದು ಕೈಯಲ್ಲಲ್ಲ, ಕಾಗದದಲ್ಲಿ.

ನಾನು ಯುರೋಪಿನ ಆ ಬಿಡಿಭಾಗದ ಕಂಪನಿಯಲ್ಲಿದ್ದಾಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ದೇಶದ ಒಂದು ಫೌಂಡ್ರಿಯಿಂದ 400 ಕಾಸ್ಟಿಂಗ್ ಬಂದವು. ಕೆಮಿಸ್ಟ್ರಿ ಸರಿ, ಅಳತೆ ಸರಿ, ಎಕ್ಸ್‌ರೇಯಲ್ಲಿ ಬ್ಲೋ ಹೋಲ್ (ಗಾಳಿಗುಳ್ಳೆಯ ತೂತು) ಇಲ್ಲ. ನೋಡಿ ಖುಷಿಯಾಗಿತ್ತು. ಆದರೆ 60 ತುಂಡುಗಳ ಮೇಲಿದ್ದ ಹೀಟ್ ನಂಬರ್, ಅಂದರೆ ಯಾವ ಕರಗಿನಿಂದ ಎರಕ ಹೊಯ್ದದ್ದು ಅಂತ ತೋರಿಸುವ ನಂಬರ್, ಸರ್ಟಿಫಿಕೇಟ್‌ನಲ್ಲಿ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು. ಫೆಟ್ಲಿಂಗ್ ಮಾಡುವಾಗ, ಅಂದರೆ ಎರಕದ ಹೆಚ್ಚುವರಿ ಲೋಹ ಉಜ್ಜಿ ತೆಗೆಯುವಾಗ, ಗ್ರೈಂಡರ್ ತಾಗಿ ನಂಬರ್ ಅಳಿಸಿತ್ತು. ಯಾರೋ ಅಂದಾಜಿಗೆ ಇನ್ನೊಂದು ನಂಬರ್ ಪಂಚ್ ಮಾಡಿದ್ದರು. ಆ 60 ಮಾತ್ರ ಅಲ್ಲ, 400ಕ್ಕೂ ಕೆಂಪು ಚೀಟಿ ಅಂಟಿಸಿ ಏಳು ವಾರ ಬೀಗ ಹಾಕಿಟ್ಟರು. ಮುಂದಿನ ಆರ್ಡರ್ ಬೇರೆ ದೇಶಕ್ಕೆ ಹೋಯಿತು. ಆ ಫೌಂಡ್ರಿಯವರು ಫೋನಿನಲ್ಲಿ ಅತ್ತದ್ದು ಇನ್ನೂ ನೆನಪಿದೆ.

ಅಷ್ಟು ಕಟ್ಟುನಿಟ್ಟು ಯಾಕೆ? ಸೇನೆಯ ಡಿಪೋದಲ್ಲಿ ಒಂದು ಭಾಗ ಹತ್ತು ಹದಿನೈದು ವರ್ಷ ಕೂತಿರಬಹುದು. ಆಮೇಲೆ ನಾರ್ವೆಯ ಚಳಿಯಲ್ಲಿ ಅದು ಬಿರುಕು ಬಿಡುತ್ತದೆ ಅನ್ನಿ. ಅದೇ ಕರಗಿನಿಂದ ಎರಕ ಹೊಯ್ದ ಉಳಿದ ತುಂಡುಗಳು ಯಾವ ದೇಶದ ಯಾವ ಗಾಡಿಯಲ್ಲಿವೆ ಅಂತ ಅವತ್ತೇ ಗೊತ್ತಾಗಬೇಕು. ಒಳಗೆ ಕೂತ ಹುಡುಗರ ಜೀವದ ಪ್ರಶ್ನೆ ಅದು. ಹೀಟ್ ನಂಬರ್ ಒಂದೇ ಆ ದಾರಿಯ ಗುರುತು.

ಸಾಮಾನಿಗೂ ಹೀಗೇ ಗುರುತು ಇದೆ. ನ್ಯಾಟೋ ಸ್ಟಾಕ್ ನಂಬರ್ ಅಂತ, 13 ಅಂಕಿ. ಮೊದಲ ನಾಲ್ಕು ಸಾಮಾನಿನ ವರ್ಗ. ಬೋಲ್ಟ್ ಆದರೆ 5306. ಮುಂದಿನ ಎರಡು, ನಂಬರ್ ಕೊಟ್ಟ ದೇಶ. ಜರ್ಮನಿಗೆ 12. ಉಳಿದ ಏಳು ಆ ಒಂದು ಸಾಮಾನಿಗೆ ಮಾತ್ರ ಸೇರಿದ್ದು. ನಾಲ್ಕು ದೇಶ, ನಾಲ್ಕು ಭಾಷೆ, ನಾಲ್ಕು ಪಾರ್ಟ್ ನಂಬರ್ ಇದ್ದರೂ ಬೋಲ್ಟ್ ಒಂದೇ ಅಂತ ಇದರಿಂದ ತಿಳಿಯುತ್ತದೆ. ತಿಳಿದ ಮೇಲೆಯೇ ಒಟ್ಟಿಗೆ ಕೊಳ್ಳಲು ಸಾಧ್ಯ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಐಎಸ್‌ಒ 9001 ಒಳ್ಳೆಯ ಬುನಾದಿ. ಸೇನೆಯ ಕೆಲಸಕ್ಕೆ ಅದರ ಮೇಲೆ ಎಕ್ಯಾಪ್ 2110 ಎಂಬ ನ್ಯಾಟೋ ಗುಣಮಟ್ಟದ ಷರತ್ತು ಬರುತ್ತದೆ. ಮೇಲಿನ ಕಂಪನಿ ಅದರ ಕೆಲವು ಭಾಗಗಳನ್ನು ನಿಮ್ಮ ಆರ್ಡರಿಗೂ ಇಳಿಸುತ್ತದೆ. ವಿಮಾನದ ಭಾಗ ಆದರೆ ಆ ಉದ್ಯಮದ ಗುಣಮಟ್ಟದ ಎಎಸ್ 9100 ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು 3.1 ಸರ್ಟಿಫಿಕೇಟ್, ಅಂದರೆ ಕಳಿಸುವ ಲೋಹದ ಮಾಲಿನ ಪರೀಕ್ಷೆಯ ಫಲಿತಾಂಶದ ಕಾಗದ, ಅಚ್ಚುಕಟ್ಟಾಗಿ ಕೊಡಲು ಕಲಿಯಿರಿ. ಅದಕ್ಕೆ ಸಹಿ ಹಾಕುವವರು ಪ್ರೊಡಕ್ಷನ್‌ನವರಾಗಿರಬಾರದು, ಅವರಿಂದ ಬೇರೆಯಾದ ತಪಾಸಣೆ ವಿಭಾಗದವರೇ ಆಗಿರಬೇಕು. ನಮ್ಮ ಚಿಕ್ಕ ಶಾಪ್‌ಗಳಲ್ಲಿ ಮಾಲೀಕರೇ ಎರಡೂ ಆಗಿರುತ್ತಾರೆ. ಅದನ್ನು ಇವತ್ತೇ ಬದಲಿಸಿ. ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಅದಕ್ಕೇ ಅಂತ ನೇಮಿಸಿ. ಮಾಲು ತಡೆಯುವ ಅಧಿಕಾರ ಕೊಡಿ. ನೀವು ಬೈದರೂ ಅವರು ಸಹಿ ಹಾಕದಿದ್ದರೆ, ಸರಿಯಾದವರನ್ನು ಇಟ್ಟಿದ್ದೀರಿ ಅಂತ ಅರ್ಥ.

ಪ್ರಶ್ನೆ (ಕಟ್ಟಿಗೆ ಪೆಟ್ಟಿಗೆ ತಯಾರಿ, ಖಾನಾಪುರ): ಮೇಡಂ, ರಫ್ತು ಪ್ಯಾಕಿಂಗ್‌ಗೆ ಏನು ನಿಯಮ?

ಉತ್ತರ: ಕಟ್ಟಿಗೆಯ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿರಬೇಕು, ಅದರ ಮುದ್ರೆ ಪೆಟ್ಟಿಗೆ ಮೇಲೆ ಇರಬೇಕು. ಇದು ಸೇನೆಯ ಮಾಲಿಗೆ ಮಾತ್ರ ಅಲ್ಲ, ಕಟ್ಟಿಗೆ ಪ್ಯಾಕಿಂಗ್‌ಗೆ ಬಹುತೇಕ ದೇಶಗಳು ಕೇಳುವ ಐಎಸ್‌ಪಿಎಂ 15 ನಿಯಮ. ಹುಳ ದಾಟಬಾರದು ಅಂತ. ಸೇನೆಯ ಮಾಲಿಗೆ ಇದರ ಮೇಲೆ, ವರ್ಷಗಟ್ಟಲೆ ತುಕ್ಕು ಹಿಡಿಯದ ಹಾಗೆ ಒಳಸುತ್ತು ಮತ್ತು ಸ್ಟಾಕ್ ನಂಬರ್ ಇರುವ ಲೇಬಲ್ ಕೇಳುತ್ತಾರೆ. ನೀವು ವಿಶ್ವಸಂಸ್ಥೆಯ ಖರೀದಿ ಪೋರ್ಟಲ್ ಯುಎನ್‌ಜಿಎಂ ಕೂಡ ನೋಡಿ. ಅಲ್ಲಿ ಭಾರತದ ಕಂಪನಿಗಳು ನೇರವಾಗಿ ಹೆಸರು ನೋಂದಾಯಿಸಬಹುದು, ನೋಂದಣಿ ಉಚಿತ.

ಪ್ರಶ್ನೆ (ಫೌಂಡ್ರಿ, ಉದ್ಯಮಬಾಗ): ಮೇಡಂ, ಏಜೆಂಟ್‌ಗೆ ಬೇಡ ಅಂತ ಹೇಳಿದೆ. ಇನ್ನೊಂದು ವಿಷಯ. ನಮ್ಮ ಹಳೆ ಗಿರಾಕಿ ಒಬ್ಬರು ಜರ್ಮನಿಯ ಒಂದು ವಾಲ್ವ್ ಬಾಡಿಯ ಡ್ರಾಯಿಂಗ್ ಕಳಿಸಿ ದರ ಕೇಳಿದ್ದಾರೆ. ಸೇನೆಯ ಗಾಡಿಗೆ ಅಂತ ಕಾಣುತ್ತೆ. ಇಲ್ಲಿ ಹಾಕಲಾ? ಎಲ್ಲರೂ ನೋಡಿ ಹೇಳಬಹುದು.

ಉತ್ತರ: ದಯವಿಟ್ಟು ಹಾಕಬೇಡಿ, ನನಗೂ ಕಳಿಸಬೇಡಿ. ಮೊದಲು ಡ್ರಾಯಿಂಗ್‌ನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ರಫ್ತು ನಿಯಂತ್ರಣದ ಸಾಲು ಇದ್ದರೆ ಆ ಕಾಗದವನ್ನು ಇನ್ನೊಬ್ಬರಿಗೆ ತೋರಿಸುವುದೇ ತಪ್ಪಾಗಬಹುದು. ಪ್ಯಾಟರ್ನ್ (ಎರಕದ ಮಾದರಿ) ಮಾಡುವವರಿಗೆ ಕೊಡುವ ಮುಂಚೆಯೂ ಗಿರಾಕಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನಮ್ಮ ಕಡೆಯಿಂದಲೂ ಸ್ಕೋಮೆಟ್ ಪಟ್ಟಿ ಇದೆ, ಅನುಮತಿ ಇಲ್ಲದೆ ರಫ್ತು ಮಾಡಬಾರದ ಸಾಮಾನುಗಳ ಭಾರತ ಸರ್ಕಾರದ ಪಟ್ಟಿ. ಸೇನೆಗೆ ಅಂತಲೇ ಮಾಡಿದ ಭಾಗ ಅದರ 6ನೇ ವರ್ಗದಲ್ಲಿ ಬಂದರೆ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಇಲ್ಲದೆ ಒಂದು ಸ್ಯಾಂಪಲ್ ಕೂಡ ಹೊರಗೆ ಕಳಿಸುವ ಹಾಗಿಲ್ಲ. ಇದು ಯಾವ ವರ್ಗಕ್ಕೆ ಸೇರುತ್ತದೆ, ಕೊನೆಗೆ ಬಳಸುವವರು ಯಾರು ಅಂತ ಗಿರಾಕಿಯನ್ನೇ ಬರಹದಲ್ಲಿ ಕೇಳಿ. ಉತ್ತರ ಬಂದ ಮೇಲೆ ದರ ಕೊಡಿ. ದರಕ್ಕೆ 3.1 ಸರ್ಟಿಫಿಕೇಟ್‌ನ ಖರ್ಚು ಸೇರಿಸುವುದನ್ನು ಮರೆಯಬೇಡಿ. ಹೀಟ್ ನಂಬರ್ ಎಲ್ಲಿ ಹಾಕಬೇಕು ಅಂತ ಅವರ ಹತ್ತಿರವೇ ಗೊತ್ತು ಮಾಡಿಕೊಳ್ಳಿ, ಗ್ರೈಂಡರ್ ತಾಗದ ಜಾಗ ಆಗಿರಲಿ.